ಬಾನಿ ಹೊಲಿದವರು ಪಂಪು ಕೂರಿಸಿದ್ದು

ನಮ್ಮ ತಾತ ಕಪಿಲೆ ಬಾನಿ ಹೊಲಿಯುತ್ತಿದ್ದವನು. ನಾಯಕನಹಟ್ಟಿ ಸುತ್ತಿನ ಸಾವ್ಕಾರರ ಬಾವಿಗಳಿಗೆ ತೊಗಲಿನ ಬಾನಿ, ಎತ್ತು ಎಳೆಯುವ ಮಿಣಿ, ಎಲ್ಲಾ ನಮ್ಮ ಹಟ್ಟಿಯಿಂದಲೇ ಹೋಗಬೇಕಿತ್ತು. ತಂಗಡಿ ಚಕ್ಕೆಯ ನೀರಿನಲ್ಲಿ ತೊಗಲು ಹದ ಮಾಡಿ, ರಂಪಿಗೆಯಲ್ಲಿ ಕೊಯ್ದು, ಹನಿ ನೀರು ಸೋರದ ಹಾಗೆ ಹೊಲಿದು ಕೊಟ್ಟರೆ ಸುಗ್ಗಿಯಲ್ಲಿ ಒಂದಿಷ್ಟು ಜೋಳ. ಆ ಬಾನಿ ಬಾವಿಗಿಳಿದು ನೀರು ತುಂಬಿ ಮೇಲೆ ಬರುತ್ತಿತ್ತು. ಅದನ್ನು ಹೊಲಿದ ಕೈ ಮಾತ್ರ ಆ ನೀರು ಮುಟ್ಟುವಂತಿರಲಿಲ್ಲ. ತೊಗಲಿಗಿಲ್ಲದ ಮೈಲಿಗೆ ತೊಗಲು ಹೊಲಿದವನಿಗೆ ಹೇಗೆ ಬಂತು ಎಂದು ತಾತನನ್ನು ನಾವು ಕೇಳಿದ್ದೆವು. 'ಅದನ್ನ ಬಾವಿ ಕೇಳಿದ್ರೆ ಹೇಳ್ತಿತ್ತೇನೋ ಕಣಪ್ಪ' ಅಂದ.

ಈ ಬರಹ ಆ ಬಾನಿಯದಲ್ಲ. ಒಂದು ಡೀಸೆಲ್ ಪಂಪಿನದು. ಆದರೆ ಬಾನಿ ಬಿಟ್ಟು ಪಂಪಿನ ಮಾತು ಹೇಳಲು ನಮಗೆ ಬರುವುದಿಲ್ಲ.

ತಾತನಿಗೆ ಸರ್ಕಾರದಿಂದ ಮಂಜೂರಾದ ಎರಡೆಕರೆ ಇತ್ತು. ಒಂದು ಮದುವೆಯ ಸಾಲಕ್ಕೆ ಅದು ಸಾವ್ಕಾರನ ಕೈಗೆ ಹೋಯಿತು. 1978ರ ಪಿಟಿಸಿಎಲ್ ಕಾಯ್ದೆ ಇಂಥ ಜಮೀನುಗಳಿಗೆಂದೇ ಬಂದದ್ದು. ಹೊತ್ತಾಯಿತು ಎಂಬ ನೆಪಕ್ಕೆ ಅರ್ಜಿ ಬೀಳದಂತೆ 2023ರಲ್ಲಿ ಅದಕ್ಕೆ ತಿದ್ದುಪಡಿಯೂ ಆಯಿತು. ಅಪ್ಪನ ಕಾಲಕ್ಕೆ ಶುರುವಾದ ಅಲೆದಾಟ ನಮ್ಮ ಕಾಲಕ್ಕೆ ಮುಗಿದು ಹೊಲ ವಾಪಸ್ಸು ಬಂತು. ಜೊತೆಗೆ ಒಂದು ತೆರೆದ ಬಾವಿ, ಅದರ ದಡದಲ್ಲಿ ತುಕ್ಕು ಹಿಡಿದ ಸೀಮೆಎಣ್ಣೆ ಇಂಜಿನ್ನು. ಕರೆಂಟಿಗೆ ಅರ್ಜಿ ಹಾಕಿದೆವು. ಕಂಬ ಬರಲಿಲ್ಲ. ಸೀಮೆಎಣ್ಣೆ ಸಿಗುವಂತಿರಲಿಲ್ಲ. ಶೇಂಗಾ ಹೂವಿಗೆ ಬಂದಿತ್ತು, ಮಳೆ ಕೈಕೊಟ್ಟಿತ್ತು. ಹೂವಿನಿಂದ ಊಡು ನೆಲಕ್ಕಿಳಿಯುವ ಹೊತ್ತಿನಲ್ಲಿ ನೆಲ ಗಟ್ಟಿಯಾಗಿದ್ದರೆ ಬೆಳೆ ಹೋದಂತೆಯೇ. 'ಹೊಲ ಬಂದ್ರೆ ಏನು, ಬೆಳೆಯೋಕೆ ಬರಬೇಕಲ್ಲ' ಎಂದು ಊರ ಕಟ್ಟೆಯ ಮೇಲೆ ಮಾತು ಹುಟ್ಟಿತ್ತು. ನಮಗೆ ಬೇಕಾಗಿದ್ದದ್ದು ಹದಿನೈದು ದಿನದೊಳಗೆ ನೀರು.

ಮುಚ್ಚಿದ ಹಿಟ್ಟಿನ ಗಿರಣಿಯಿಂದ ಒಂದು ಹಳೇ ಡೀಸೆಲ್ ಇಂಜಿನ್ ಸಿಕ್ಕಿತು. ಒಂದೇ ಸಿಲಿಂಡರ್, ಐದು ಎಚ್‌ಪಿ. ಸೀಮೆಎಣ್ಣೆ ಇಂಜಿನ್ನನ್ನು ಬಿಚ್ಚಿ ಅದೇ ಕಟ್ಟೆಯ ಮೇಲೆ ಇದನ್ನು ಕೂರಿಸಿದೆವು. ಹಳೇದು ನಿಮಿಷಕ್ಕೆ ಮೂರು ಸಾವಿರ ಸುತ್ತು ಓಡುತ್ತಿತ್ತು, ಇದು ಒಂದೂವರೆ ಸಾವಿರ. ಅದಕ್ಕೆ ಇಂಜಿನ್ನಿನ ಕಡೆ ದುಪ್ಪಟ್ಟು ಪುಲ್ಲಿ ಹಾಕಿ ನೀರಿನ ಪಂಪಿಗೆ ಬೆಲ್ಟು ಕೊಟ್ಟೆವು. ಇದ್ದ ಒಂದೇ ಕೊರತೆ ಎಂದರೆ ಇಂಜಿನ್ನಿಗೆ ಡೀಸೆಲ್ ಪಂಪೇ ಇರಲಿಲ್ಲ. ಯಾರೋ ಬಿಚ್ಚಿಕೊಂಡು ಹೋಗಿದ್ದರು.

ಡೀಸೆಲ್ ಇಂಜಿನ್ನಿಗೆ ಬೆಂಕಿ ಹೊತ್ತಿಸುವ ಪ್ಲಗ್ಗಿಲ್ಲ. ಪಿಸ್ಟನ್ನು ಗಾಳಿಯನ್ನು ಒತ್ತಿ ಕೆಂಡದಂತೆ ಕಾಯಿಸುತ್ತದೆ. ಸರಿಯಾದ ಗಳಿಗೆಯಲ್ಲಿ, ಸರಿಯಾದ ಅಳತೆಯಲ್ಲಿ ಡೀಸೆಲ್ಲನ್ನು ಮಂಜಿನಂತೆ ಒಳಗೆ ಚಿಮ್ಮಿಸುವುದು ಈ ಪಂಪಿನ ಕೆಲಸ. ಇದನ್ನು ಸಾಲಾಗಿ ತಯಾರಿಸಲು ಜರ್ಮನಿಯ ಬಾಷ್ ಕಂಪನಿ ಶುರುಮಾಡಿದ್ದು 1927ರಲ್ಲಿ. ಅದೇ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಗಿಳಿದು ನೀರು ಮುಟ್ಟಿದರು. ಒಂದು ಕಡೆ ನೀರೆತ್ತುವ ಇಂಜಿನ್ನಿಗೆ ಜೀವ ಬರುತ್ತಿತ್ತು, ಇನ್ನೊಂದು ಕಡೆ ಬೊಗಸೆ ನೀರಿಗೆ ಮನುಷ್ಯರು ಪೆಟ್ಟು ತಿನ್ನುತ್ತಿದ್ದರು. ಆ ಪಂಪು ಬೆಂಗಳೂರಿಗೆ ಬಂದದ್ದು 1951ರಲ್ಲಿ ಹುಟ್ಟಿದ ಮೈಕೋ ಕಂಪನಿಯ ಮೂಲಕ. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು. ನಮ್ಮ ಕಡೆಯ ಮೇಸ್ತ್ರಿಗಳ ಬಾಯಲ್ಲಿ ಮಾತ್ರ ಅದು 'ಮೈಕೋ ಪಂಪೇ'.

ನಮ್ಮ ಮುಂದೆ ಮೂರು ದಾರಿ ಇದ್ದವು. ಹೊಸ ಕಂಪನಿ ಪಂಪು, ಅದಕ್ಕೆ ಕಾಸು ಸಾಲದು. ಹಳೇ ಪಂಪಿನ ಮೈಗೆ ಹೊಸ ಎಲಿಮೆಂಟು ಹಾಕಿಸಿದ್ದು. ಇಲ್ಲವೇ ಹೆಸರಿಲ್ಲದ ಲೋಕಲ್ ಪಂಪು, ಎಲ್ಲಕ್ಕಿಂತ ಅಗ್ಗ. ಪೇಟೆಯ ಒಂದು ಅಂಗಡಿಯಲ್ಲಿ ಲೋಕಲ್ ಪಂಪು ಕೇಳಿದೆವು. ಅಂಗಡಿಯವನು ಮೊದಲು ಕೇಳಿದ್ದು ಇಂಜಿನ್ ಯಾವುದು ಎಂದಲ್ಲ, 'ನೀವು ಯಾವ ಕಡೆಯೋರು' ಎಂದು. ಹೇಳಿದೆವು. ಪೊಟ್ಟಣ ಬಿಚ್ಚಿ ನೋಡಲೂ ಬಿಡಲಿಲ್ಲ. 'ನಿಮ್ಗೆ ಇದೇ ಸಾಕು ತಗಳ್ರಿ' ಅಂದ. ಡಿಗ್ರಿ ಓದಿದ ನಾವು, ಸಭೆಗಳಲ್ಲಿ ಕವಿತೆ ಓದುವ ನಾವು, ಬಾಯಿ ಮುಚ್ಚಿಕೊಂಡು ದುಡ್ಡು ಕೊಟ್ಟು ಬಂದೆವು. ಇದನ್ನು ಇಲ್ಲಿ ಬರೆಯಲೇಬೇಕು.

ಪಂಪು ಕೂರಿಸಿ ಹ್ಯಾಂಡಲ್ ತಿರುವಿದರೆ ಇಂಜಿನ್ ಹತ್ತಲೇ ಇಲ್ಲ. ಪಂಪಿನ ರ್‍ಯಾಕನ್ನು ಕೈಯಲ್ಲಿ ಆಚೆ ಈಚೆ ತಳ್ಳಿ ಮತ್ತೆ ತಿರುವಿದೆವು. ಹತ್ತಿತು. ಹತ್ತಿದ್ದು ನಿಲ್ಲಲಿಲ್ಲ. ಸುತ್ತು ಏರಿತು, ಏರುತ್ತಲೇ ಹೋಯಿತು. ಕಪ್ಪು ಹೊಗೆ, ಕಟ್ಟೆಯೇ ಅದುರುತ್ತಿದೆ. ನಿಲ್ಲಿಸುವ ಲಿವರ್ ಎಳೆದರೆ ಇನ್ನೂ ಜೋರು. ಫ್ಲೈವೀಲ್ ಒಡೆದು ಬಂದರೆ ಹತ್ತಿರ ಇದ್ದವರಿಗೆ ಉಳಿಗಾಲವಿಲ್ಲ. ನಮ್ಮಲ್ಲಿ ಇಬ್ಬರು ಓಡಿದರು. ಅವ್ವ ಓಡಲಿಲ್ಲ. ಬದುವಿನ ಮೇಲಿದ್ದ ಚಳ್ಳಕೆರೆ ಕಂಬಳಿಯನ್ನು ನೀರಿನ ಕೊಡಕ್ಕೆ ಅದ್ದಿ ನಾಕು ಮಡಿಕೆ ಮಾಡಿ ಎಸೆದಳು. 'ಅದ್ರ ಬಾಯಿ ಮುಚ್ರಲಾ!' ಕಂಬಳಿಯನ್ನು ಗಾಳಿ ಎಳೆಯುವ ಬಾಯಿಗೆ ಒತ್ತಿ ಹಿಡಿದೆವು. ಉಸಿರು ಕಟ್ಟಿದ ಇಂಜಿನ್ ನಾಲ್ಕು ಸಲ ಕೆಮ್ಮಿ ಸತ್ತಿತು. ಅವ್ವನಿಗೆ ಡೀಸೆಲ್ ಇಂಜಿನ್ನಿನ ಶಾಸ್ತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ಒಲೆ ಆರಿಸಿದವಳು, ಅಷ್ಟೆ.

ಮಾರನೇ ದಿನ ಚಳ್ಳಕೆರೆಯ ಒಬ್ಬ ಹಳೇ ಮೇಸ್ತ್ರಿಯ ಹತ್ತಿರ ಆ ಪಂಪು ಒಯ್ದೆವು. ಸಾಬರು, ಕಣ್ಣಿಗೆ ದಪ್ಪ ಕನ್ನಡಕ. ಬಿಚ್ಚಿ, ಪ್ಲಂಜರನ್ನು ಬೆಳಕಿಗೆ ಹಿಡಿದು, 'ನೋಡ್ರಪ್ಪ, ಇದ್ರ ಓರೆಗೀರು ಉಲ್ಟಾ ಐತೆ' ಅಂದರು. ಪ್ಲಂಜರಿನ ಮೈಮೇಲೆ ಓರೆಯಾಗಿ ಕೊರೆದ ಗೀರು ಇರುತ್ತದೆ. ರ್‍ಯಾಕು ಪ್ಲಂಜರನ್ನು ತಿರುಗಿಸಿದಂತೆ ಆ ಗೀರು ಎಷ್ಟು ಡೀಸೆಲ್ ಹೋಗಬೇಕು ಎಂದು ನಿರ್ಧರಿಸುತ್ತದೆ. ಗೀರು ಎಡಕ್ಕಿರುವುದೂ ಉಂಟು, ಬಲಕ್ಕಿರುವುದೂ ಉಂಟು. ನಮಗೆ ಕೊಟ್ಟದ್ದು ಬೇರೆ ಇಂಜಿನ್ನಿನದು. ಗವರ್ನರು 'ಕಡಿಮೆ ಮಾಡು' ಎಂದು ಎಳೆದಷ್ಟೂ ಪಂಪು ಹೆಚ್ಚು ಸುರಿದಿತ್ತು.

ಅಂಗಡಿಯಲ್ಲಿ ಬಾಯಿಗೆ ಬಾರದ್ದು ನಮಗೆ ಇಲ್ಲಿ ಬಂತು: 'ಮೇಸ್ತ್ರಿ, ಆರಿಸೋದು ಹೆಂಗೆ ಹೇಳಿಕೊಡ್ರಿ.' ಅವರು ಹೇಳಿಕೊಟ್ಟರು. ಹಳ್ಳಿಯ ಮೇಷ್ಟ್ರುಗಳು ಹುಡುಗರಿಗೆ ಹೇಳಲಿ ಎಂದು ಇಲ್ಲಿ ಬರೆಯುತ್ತೇವೆ. ಇಂಜಿನ್ನಿನ ತಗಡಿನ ಮೇಲಿರುವ ನಂಬರ್ ಬರೆದುಕೊಂಡು ಹೋಗಬೇಕು. ಪ್ಲಂಜರಿನ ದಪ್ಪ ಅದಕ್ಕೆ ಹೇಳಿದಷ್ಟೇ ಇರಬೇಕು. ದಪ್ಪ ಹೆಚ್ಚಿದರೆ ಶಕ್ತಿ ಬರುವುದಿಲ್ಲ, ಹೊಗೆ ಬರುತ್ತದೆ. ಓರೆಗೀರು ಯಾವ ಕಡೆ ಎಂದು ಹಳೇದರ ಪಕ್ಕ ಇಟ್ಟು ನೋಡಬೇಕು. ಪ್ಲಂಜರು, ಬ್ಯಾರಲ್ಲು ಎರಡೂ ಜೋಡಿ, ಒಂದರದು ಇನ್ನೊಂದಕ್ಕೆ ಹಾಕುವಂತಿಲ್ಲ. ಅವುಗಳ ನಡುವಿನ ಸಂದು ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು. ಒಂದು ಮರಳ ಕಣ ಹೊಕ್ಕರೆ ಮುಗಿಯಿತು. ಶುದ್ಧ ಡೀಸೆಲ್ಲಿನಲ್ಲಿ ತೊಳೆದು ಬ್ಯಾರಲ್ಲನ್ನು ಓರೆಯಾಗಿ ಹಿಡಿದು ಪ್ಲಂಜರನ್ನು ಸ್ವಲ್ಪ ಹೊರಗೆಳೆದು ಬಿಟ್ಟರೆ ಅದು ತನ್ನ ಭಾರಕ್ಕೆ ತಾನೇ ನಿಧಾನ ಜಾರಬೇಕು. ಸಿಕ್ಕಿಕೊಳ್ಳಬಾರದು, ದಡಕ್ಕನೆ ಬೀಳಲೂ ಬಾರದು. ಕೊನೆಗೆ ನಾವು ಆರಿಸಿದ್ದು ಎರಡನೇ ದಾರಿ: ಹಳೇ ಮೈಕೋ ಮೈ, ಹೊಸ ಎಲಿಮೆಂಟು. ಮೇಸ್ತ್ರಿ ಕೂಲಿ ಅರ್ಧವೇ ತಗೊಂಡರು.

ಕೂರಿಸುವುದನ್ನು ನಾವೇ ಮಾಡಿದೆವು. ನಮ್ಮ ಇಂಜಿನ್ನಿಗೆ ಪಿಸ್ಟನ್ ತುದಿ ಮುಟ್ಟುವ 23 ಡಿಗ್ರಿ ಮುಂಚೆ ಡೀಸೆಲ್ ಹೋಗಬೇಕು. ಡಿಗ್ರಿ ಅಳೆಯುವ ಸಾಧನ ನಮ್ಮಲ್ಲಿಲ್ಲ. ಫ್ಲೈವೀಲಿನ ಅಂಚಿಗೆ ದಾರ ಸುತ್ತಿದೆವು, 180 ಸೆಂಟಿಮೀಟರ್. 360 ಡಿಗ್ರಿಗೆ 180 ಆದರೆ 23ಕ್ಕೆ ಹನ್ನೊಂದೂವರೆ. ಏಳನೇ ಕ್ಲಾಸಿನ ಲೆಕ್ಕ. ತುದಿಯ ಗುರುತಿಗಿಂತ ಅಷ್ಟು ಮುಂಚೆ ಸುಣ್ಣದಲ್ಲಿ ಗೀಟು ಹಾಕಿದೆವು. ಪಂಪಿನ ಡೆಲಿವರಿ ವಾಲ್ವು, ಸ್ಪ್ರಿಂಗು ತೆಗೆದು ಬಾಗಿದ ಸಣ್ಣ ಕೊಳವೆ ಸಿಕ್ಕಿಸಿ, ಡೀಸೆಲ್ ಬಿಟ್ಟು, ಎರಡೂ ವಾಲ್ವು ಮುಚ್ಚಿದ ಸುತ್ತಿನಲ್ಲಿ ಚಕ್ರವನ್ನು ಮೆಲ್ಲಗೆ ತಿರುಗಿಸಿದೆವು. ಕೊಳವೆಯಿಂದ ಸುರಿಯುತ್ತಿದ್ದ ಡೀಸೆಲ್ ಸಣ್ಣಗಾಗಿ, ಹನಿಯಾಗಿ, ನಿಂತಿತು. ನಿಂತ ಜಾಗವೇ ಚಿಮ್ಮುವ ಗಳಿಗೆ. ಗೀಟಿಗಿಂತ ಮೂರು ಬೆರಳು ಮುಂಚೆ ನಿಂತಿತ್ತು. ಹಾಗೇ ಬಿಟ್ಟರೆ ಇಂಜಿನ್ ಸುತ್ತಿಗೆ ಬಡಿದಂತೆ ಬಡಿಯುತ್ತದೆ. ಪಂಪಿನಡಿಗೆ ಒಂದು ತೆಳು ತಗಡು, ಮತ್ತೊಂದು. ನಾಲ್ಕನೇ ಸಲಕ್ಕೆ ಹನಿ ಗೀಟಿನ ಮೇಲೆ ನಿಂತಿತು. ಪೈಪಿನ ನಟ್ಟು ಸಡಿಲಿಸಿ ಗಾಳಿ ತೆಗೆದೆವು. ಚಿಮ್ಮುವ ನಾಜಲ್ಲಿಗೆ ಯಾರೂ ಕೈ ಒಡ್ಡಬಾರದು, ಚರ್ಮ ತೂರಿ ರಕ್ತಕ್ಕೆ ಹೋಗುತ್ತದೆ.

ಅಷ್ಟಾದರೂ ಬಾವಿಯಿಂದ ನೀರು ಏಳಲಿಲ್ಲ. ಫುಟ್‌ವಾಲ್ವಿನ ತೊಗಲು ಒಣಗಿ ಸೀಳಿತ್ತು. ನಾವು ಪೇಟೆಗೆ ಓಡುವವರಿದ್ದೆವು. ತಾತ ಗೋಡೆಯ ಗೂಡಿನಿಂದ ರಂಪಿಗೆ ತಗೊಂಡ. ಕಣ್ಣು ಸರಿಯಾಗಿ ಕಾಣುವುದಿಲ್ಲ, ಬೆರಳಿನಿಂದಲೇ ಅಳತೆ. ದುಂಡಗೆ ಕೊಯ್ದು ಕೊಟ್ಟ. ಕಪಿಲೆ ಹೋದ ಮೇಲೆ ಅವನಿಗೆ ಬಾವಿಯ ಕೆಲಸ ಸಿಕ್ಕಿದ್ದು ಅದೇ ಮೊದಲು. ಅದೂ ಸ್ವಂತ ಬಾವಿ. ತೊಗಲು ಕೂತಿತು. ಹ್ಯಾಂಡಲ್ ತಿರುವಿದೆವು. ಒಂದೇ ಹದದಲ್ಲಿ ಟುಕ್ ಟುಕ್ ಎಂದು ಓಡಿತು. ನೀರು ಬಂತು.

ನಮ್ಮ ಸೀಮೆಯ ವರವು ಕಾವಲಿನಲ್ಲಿ ಗೋಡೆಯ ಒಳಗೆ ಸರ್ಕಾರದವರು ಪೈಲಟ್ ಇಲ್ಲದ ವಿಮಾನ ಹಾರಿಸುತ್ತಾರೆ. 2018ರ ಫೆಬ್ರವರಿ 25ರಂದು ರುಸ್ತುಂ-2ಕ್ಕೆ ಹೆಚ್ಚು ಶಕ್ತಿಯ ಇಂಜಿನ್ ಹಾಕಿ ಹಾರಿಸಿದರು. 2019ರ ಸೆಪ್ಟೆಂಬರ್ 17ರಂದು ಅಂಥದೊಂದು ಜೋಡಿಚಿಕ್ಕೇನಹಳ್ಳಿಯ ಹೊಲದಲ್ಲಿ ಬಿತ್ತು. ದೊಡ್ಡವರದ್ದೂ ಬೀಳುತ್ತದೆ. ಬಿದ್ದಾಗ 'ಇವರಿಗೆ ಇದೆಲ್ಲ ಬರಲ್ಲ' ಎಂದು ಅವರ ಜಾತಿ ಹಿಡಿದು ಯಾರೂ ಆಡುವುದಿಲ್ಲ. ನಮ್ಮ ಇಂಜಿನ್ ಹುಚ್ಚೆದ್ದು ಓಡಿದ ಸಂಜೆ ಊರ ಕಟ್ಟೆಯ ಮೇಲೆ ಆಡಿದ ಮಾತು ಅದೇ.

ತಿಪ್ಪೇರುದ್ರಸ್ವಾಮಿ ಕೆರೆ ಕಟ್ಟಿಸಿದ್ದನ್ನು, 'ಮಾಡಿದಷ್ಟು ನೀಡು ಭಿಕ್ಷೆ' ಎಂದದ್ದನ್ನು ಪ್ರತಿ ಜಾತ್ರೆಯಲ್ಲಿ ಕೇಳುತ್ತಾ ಬೆಳೆದವರು ನಾವು. ಮಾಡಿದಷ್ಟು ನಮಗೆ ಯಾವತ್ತೂ ಸಿಗಲಿಲ್ಲ. ಮಾಡಿದ್ದು ನಮ್ಮದು ಎಂದು ಹೇಳಲೂ ಬಿಡಲಿಲ್ಲ. ಭಿಕ್ಷೆಯ ಮಾತು ಇನ್ನು ಸಾಕು ಗೆಳೆಯರೇ, ಲೆಕ್ಕದ ಮಾತು ಆಡೋಣ. ಅಂಗಡಿಯಲ್ಲಿ ಪೊಟ್ಟಣ ಬಿಚ್ಚಿಸಿ ನೋಡುವುದನ್ನು ನಾವು ಮೊದಲು ಕಲಿಯಬೇಕು. ನಮ್ಮ ಹುಡುಗರು ಕವಿತೆ ಬರೆಯಲಿ, ಬೇಡ ಎನ್ನುವುದಿಲ್ಲ. ಜೊತೆಗೆ ಪ್ಲಂಜರಿನ ಗೀರು ಎಡಕ್ಕೋ ಬಲಕ್ಕೋ ಎಂದು ತಿಳಿದಿರಲಿ.

ಆವತ್ತು ಮೊದಲ ನೀರು ಪೈಪಿನಿಂದ ಬಿದ್ದಾಗ ತಾತ ಬೊಗಸೆಯೊಡ್ಡಿ ಕುಡಿದ. ಆಮೇಲೆ ಬಗ್ಗಿ ಕಾಲುವೆಯ ಬಾಯಿ ಸರಿಮಾಡಿ, 'ಶೇಂಗಾಕ್ಕೆ ಬಿಡ್ರಿ, ಹೊತ್ತಾಗ್ತೈತೆ' ಅಂದ.