ಹಳೇ ಪ್ರಿನ್ಸು, ಹೊಸ ಜಿಗಿತ

"ಹಳೇದರ ಮುಂದೆ ಹೊಸದು ಬರಲ್ಲ ಬಿಡ್ರಿ" ಅನ್ನೋ ಮಾತಿಗೆ ನಮ್ಮ ಕಡೆ ಬರಗಾಲವಿಲ್ಲ. ಮೊಳಕಾಲ್ಮುರು ಸೀರೆ ಬಗ್ಗೆ ಹೇಳುತ್ತಾರೆ, ಬಯಲಾಟದ ಬಗ್ಗೆ ಹೇಳುತ್ತಾರೆ, ಚಳ್ಳಕೆರೆಯ ಶೇಂಗಾ ಎಣ್ಣೆ ಬಗ್ಗೆ ಹೇಳದವರೇ ಇಲ್ಲ. ನಮ್ಮ ಗುಂಪಿನಲ್ಲಿ ಈ ಮಾತು ಹೆಚ್ಚು ಸಲ ಬಂದಿರುವುದು ಮಾತ್ರ ಒಂದು ಕಂಪ್ಯೂಟರ್ ಆಟದ ವಿಚಾರಕ್ಕೆ. ಪತ್ರಿಕೋದ್ಯಮ ಓದಿದವರು ಗೇಮ್ ಬಗ್ಗೆ ಬರೆಯೋದಾ ಅಂತ ಹುಬ್ಬೇರಿಸಬೇಡಿ. ಸಿನಿಮಾ ಬಗ್ಗೆ ಬರೆಯುತ್ತೇವೆ, ಕ್ರಿಕೆಟ್ ಬಗ್ಗೆ ಬರೆಯುತ್ತೇವೆ. ಊರಿನ ಹುಡುಗರು ಅರಳಿಕಟ್ಟೆ ಮೇಲೆ ಕತ್ತು ಬಗ್ಗಿಸಿ ಕೂತು ಆಡುವುದರ ಬಗ್ಗೆ ಮಾತ್ರ ಕನ್ನಡದಲ್ಲಿ ಬರೆಯುವವರು ಕಡಿಮೆ.

ಆಟದ ಹೆಸರು 'ಪ್ರಿನ್ಸ್ ಆಫ್ ಪರ್ಷಿಯಾ'. ನಮ್ಮ ಬಾಯಲ್ಲಿ ಬರೀ 'ಪ್ರಿನ್ಸ್'. ಓಡುತ್ತಾ, ಜಿಗಿಯುತ್ತಾ, ಕಟ್ಟೆಯಿಂದ ಕಟ್ಟೆಗೆ ನೇತಾಡುತ್ತಾ ಸಾಗುವ ಇಂಥ ಆಟಗಳಿಗೆ ಪ್ಲಾಟ್‌ಫಾರ್ಮ್ ಗೇಮ್ ಎನ್ನುತ್ತಾರೆ. ಅಮೆರಿಕದ ಜೋರ್ಡಾನ್ ಮೆಕ್ನರ್ ಎಂಬಾತ ಇದನ್ನು ಹೆಚ್ಚುಕಮ್ಮಿ ಒಬ್ಬನೇ ಕೂತು ಮಾಡಿ ಮುಗಿಸಿದ್ದು 1989ರಲ್ಲಿ. ನಮ್ಮ ಕೈಗೆ ಸಿಕ್ಕಿದ್ದು ಅದಾಗಿ ಹತ್ತು ಹದಿನೈದು ವರ್ಷಕ್ಕೆ. ಸರ್ಕಾರಿ ಹೈಸ್ಕೂಲುಗಳಿಗೆ 'ಮಾಹಿತಿ ಸಿಂಧು' ಯೋಜನೆಯ ಕಂಪ್ಯೂಟರುಗಳು ಬಂದಿದ್ದ ಕಾಲ ಅದು. ಶಾಲೆಯಲ್ಲಿ ಅವನ್ನು ಮುಟ್ಟಲು ಬಿಡುತ್ತಿದ್ದುದು ಕಡಿಮೆ. ಹಾಗಾಗಿ ಚಳ್ಳಕೆರೆಯ ಒಂದು ಕಂಪ್ಯೂಟರ್ ಸೆಂಟರಿಗೆ ಬಸ್ಸು ಹತ್ತುತ್ತಿದ್ದೆವು. ಗಂಟೆಗೆ 15 ರೂಪಾಯಿ. ಮೂವರು ಐದೈದು ಹಾಕಿ ಒಂದು ಗಂಟೆ ಕೊಳ್ಳುತ್ತಿದ್ದೆವು.

ಆಟದಲ್ಲಿ ಕೊಡುವ ಗಡುವೂ ಅಷ್ಟೇ, 60 ನಿಮಿಷ. ಮಂತ್ರಿ ಜಾಫರ್ ರಾಜಕುಮಾರಿಯನ್ನು ಕೂಡಿಹಾಕಿ, ತನ್ನನ್ನು ಮದುವೆಯಾಗು, ಇಲ್ಲವೇ ಸಾಯಿ ಎಂದು ಮರಳಿನ ಗಡಿಯಾರ ಇಟ್ಟು ಹೋಗುತ್ತಾನೆ. ನೆಲಮಾಳಿಗೆಯ ಸೆರೆಯಲ್ಲಿ ಬಿದ್ದ ಹುಡುಗ 12 ಹಂತ ದಾಟಿ ಅವಳ ಕೋಣೆ ಮುಟ್ಟಬೇಕು. ಎಷ್ಟು ಸಲ ಸತ್ತರೂ ಹಂತದ ಮೊದಲಿಗೆ ಹೋಗಿ ಮತ್ತೆ ಶುರು ಮಾಡಬಹುದು, ಆದರೆ ಗಡಿಯಾರ ಮಾತ್ರ ಹಿಂದಕ್ಕೆ ಹೋಗುವುದಿಲ್ಲ. ಅತ್ತ ಸೆಂಟರಿನವರ ಗಡಿಯಾರ, ಇತ್ತ ಜಾಫರನ ಗಡಿಯಾರ. ನಡುವೆ ಕರೆಂಟು ಹೋದರೆ ಮೂವರ ಐದೈದು ರೂಪಾಯಿಯೂ ಮಣ್ಣುಪಾಲು.

ಆ ಪ್ರಿನ್ಸನಲ್ಲಿ ಅಂಥದ್ದೇನಿತ್ತು ಅಂತ ಈಗಿನ ಹುಡುಗರು ಕೇಳುತ್ತಾರೆ. ಒಂದೇ ಮಾತಲ್ಲಿ ಹೇಳೋದಾದರೆ, ಅವನಿಗೆ ಮೈಭಾರ ಇತ್ತು. ಮೆಕ್ನರ್ ತನ್ನ ತಮ್ಮ ಡೇವಿಡ್‌ಗೆ ಬಿಳಿ ಬಟ್ಟೆ ಹಾಕಿಸಿ, ಓಡಿಸಿ, ಜಿಗಿಸಿ, ಗೋಡೆಗೆ ನೇತುಹಾಕಿ ವಿಡಿಯೊ ಮಾಡಿಕೊಂಡ. ಆಮೇಲೆ ಒಂದೊಂದು ಚಿತ್ರವನ್ನೂ ನೋಡಿ ತಿದ್ದಿ ಆಟದೊಳಕ್ಕೆ ಇಳಿಸಿದ. ಅದಕ್ಕೇ ನಮ್ಮ ಪ್ರಿನ್ಸು ಓಡುತ್ತಿದ್ದವನು ನಿಲ್ಲಲು ಎರಡು ಹೆಜ್ಜೆ ಜಾರುತ್ತಿದ್ದ. ಜಿಗಿಯುವ ಮುಂಚೆ ಮೈ ಕುಗ್ಗಿಸುತ್ತಿದ್ದ. ಎರಡು ಅಂತಸ್ತು ಬಿದ್ದರೆ ಒಂದು ಜೀವ ಹೋಗುತ್ತಿತ್ತು, ಮೂರು ಅಂತಸ್ತು ಬಿದ್ದರೆ ಕಥೆಯೇ ಮುಗಿಯುತ್ತಿತ್ತು. ನೆಲದಿಂದ ಏಳುವ ಮೊಳೆಗಳ ಮೇಲೆ ಓಡಿದರೆ ಸಾವು, ಒಂದೊಂದೇ ಹೆಜ್ಜೆ ಇಟ್ಟು ನಡೆದರೆ ಏನೂ ಆಗುತ್ತಿರಲಿಲ್ಲ. ಚಿತ್ರದುರ್ಗದ ಕೋಟೆ ಗೋಡೆಯನ್ನು ಜ್ಯೋತಿರಾಜ್ ಬರಿಗೈಯಲ್ಲಿ ಹತ್ತುವುದನ್ನು ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಅವರು ಹತ್ತುವುದು ಜನರಿಗೆ ಅಬ್ಬಾ ಅನ್ನಿಸುವುದು ಅವರ ವೇಗಕ್ಕಷ್ಟೇ ಅಲ್ಲ. ಕೈ ಜಾರಿದರೆ ಕೆಳಗಿರುವುದು ಬಂಡೆ ಅನ್ನುವುದು ನೋಡುವವರಿಗೂ ಗೊತ್ತಿರುತ್ತದೆ.

ಇನ್ನೊಂದು ಸಂಗತಿ ನೆರಳಿನದು. ನಾಲ್ಕನೇ ಹಂತದಲ್ಲಿ ಒಂದು ಕನ್ನಡಿ ಅಡ್ಡ ಬರುತ್ತದೆ. ಅದರೊಳಗೆ ಹಾರಿದರೆ ನಿಮ್ಮ ನೆರಳು ಹೊರಗೆ ಬಿದ್ದು ಓಡಿಹೋಗುತ್ತದೆ. ಆಮೇಲೆ ನಿಮಗಾಗಿ ಇಟ್ಟ ಔಷಧಿ ಕುಡಿಯುತ್ತದೆ, ನಿಮ್ಮ ಮುಂದೆ ಬಾಗಿಲು ಮುಚ್ಚುತ್ತದೆ. ಕೊನೆಗೆ ಅದರೊಂದಿಗೆ ಕತ್ತಿ ಹಿರಿದು ನಿಂತರೆ, ಅದಕ್ಕೆ ಬಿದ್ದ ಏಟು ನಿಮಗೇ ಬೀಳುತ್ತದೆ. ಕತ್ತಿ ಒರೆಗೆ ಸೇರಿಸಿ ಎದುರಿಗೆ ನಡೆದರೆ ಇಬ್ಬರೂ ಒಂದಾಗುತ್ತೀರಿ. ಇದನ್ನು ಯಾರೂ ನಮಗೆ ಹೇಳಿಕೊಟ್ಟಿರಲಿಲ್ಲ. ಈ ನೆರಳು ಹುಟ್ಟಿದ್ದು ಬಡತನದಿಂದ ಎಂದು ಎಷ್ಟೋ ವರ್ಷದ ಮೇಲೆ ಓದಿದೆವು. ಆಪಲ್ 2 ಕಂಪ್ಯೂಟರಿನಲ್ಲಿ ಹೊಸ ಶತ್ರುವನ್ನು ಬರೆಯಲು ಮೆಮೊರಿಯೇ ಉಳಿದಿರಲಿಲ್ಲವಂತೆ. ಅದಕ್ಕೆ ನಾಯಕನ ಚಿತ್ರವನ್ನೇ ಮಸುಕು ಮಾಡಿ ಮೆಕ್ನರ್ ಶತ್ರುವನ್ನಾಗಿ ನಿಲ್ಲಿಸಿದ. ಇದ್ದುದರಲ್ಲೇ ಸಂಸಾರ ತೂಗಿಸುವ ನಮ್ಮ ಸೀಮೆಯವರಿಗೆ ಈ ಕೆಲಸ ಹಿಡಿಸದೇ ಇರುತ್ತದೆಯೇ?

ಈ ಸರಣಿ ಆಮೇಲೆ ಹಲವು ಸಲ ಸತ್ತು ಹುಟ್ಟಿತು. 1993ರಲ್ಲಿ ಎರಡನೇ ಭಾಗ ಬಂತು. 1999ರಲ್ಲಿ ಮೂರು ಆಯಾಮದ ಪ್ರಿನ್ಸ್ ಬಂದು ಮುಗ್ಗರಿಸಿತು. 2003ರಲ್ಲಿ ಯೂಬಿಸಾಫ್ಟ್ ಕಂಪನಿ, ಮೆಕ್ನರ್‌ನನ್ನೂ ಸೇರಿಸಿಕೊಂಡು 'ಸ್ಯಾಂಡ್ಸ್ ಆಫ್ ಟೈಮ್' ಮಾಡಿತು. ಅದರಲ್ಲಿ ಒಂದು ಬಾಕು ಇತ್ತು. ಜಿಗಿತ ತಪ್ಪಿ ಬಿದ್ದರೆ ಅದರಿಂದ ಕಾಲವನ್ನೇ ಹಿಂದಕ್ಕೆ ಎಳೆದು ಮತ್ತೆ ಜಿಗಿಯಬಹುದಿತ್ತು. ಹಿಂದಕ್ಕೆ ಹೋಗದ ಗಡಿಯಾರದಿಂದ ಶುರುವಾದ ಆಟದಲ್ಲಿ ಗಡಿಯಾರವೇ ಹಿಂದಕ್ಕೆ ತಿರುಗಿತು! ಹಳೇದನ್ನು ಹಾಗೇ ನಕಲು ಮಾಡದೆ, ಅದರ ಮುಖ್ಯ ಗಂಟನ್ನೇ ಹಿಡಿದು ಬೇರೆ ರೀತಿ ಬಿಚ್ಚಿದ್ದರು. ಅದು ಗೆದ್ದಿತು. 2008ರಲ್ಲಿ ಒಂದು, 2010ರಲ್ಲಿ ಒಂದು ಬಂದ ಮೇಲೆ ದೊಡ್ಡ ಆಟವೊಂದಿಲ್ಲದೆ ಸರಣಿ ವರ್ಷಗಟ್ಟಲೆ ಮಲಗಿತು.

2020ರ ಸೆಪ್ಟೆಂಬರಿನಲ್ಲಿ 'ಸ್ಯಾಂಡ್ಸ್ ಆಫ್ ಟೈಮ್' ಅನ್ನು ಹೊಸದಾಗಿ ಕಟ್ಟುವ ಸುದ್ದಿ ಬಂದಾಗ ನಮ್ಮ ವಾಟ್ಸಾಪ್ ಗುಂಪು ಕುಣಿದಿತ್ತು. ಕಾರಣ, ಆ ಕೆಲಸ ಸಿಕ್ಕಿದ್ದು ಯೂಬಿಸಾಫ್ಟ್‌ನ ಪುಣೆ ಮತ್ತು ಮುಂಬೈ ಶಾಖೆಗಳಿಗೆ. ಟ್ರೇಲರ್ ಬಂದ ದಿನವೇ ಜಗತ್ತಿನೆಲ್ಲೆಡೆಯಿಂದ ಬೈಗುಳ ಸುರಿಯಿತು. ಚಿತ್ರಗಳು ಹಳೇ ಕಾಲದವು, ಮುಖಗಳು ಮೇಣದ ಗೊಂಬೆಯಂತಿವೆ ಎಂದರು. ಅದರಲ್ಲಿ ಸತ್ಯವೂ ಇತ್ತು, ಟ್ರೇಲರ್ ನಮಗೂ ಸಪ್ಪೆ ಅನ್ನಿಸಿತ್ತು. ಆದರೆ ಟೀಕೆ ಅಲ್ಲಿಗೇ ನಿಲ್ಲಲಿಲ್ಲ. ಇಂಡಿಯಾದವರ ಕೈಗೆ ಕೊಟ್ಟರೆ ಇನ್ನೇನಾಗುತ್ತೆ ಎಂಬ ಧಾಟಿಯ ಮಾತುಗಳನ್ನು ಓದಿದಾಗ ನಮಗೆ ಎಲ್ಲೋ ಚುರುಕ್ ಎಂದಿತು. ಹಳ್ಳಿ ಕಾಲೇಜಿನಲ್ಲಿ ಪತ್ರಿಕೋದ್ಯಮ ಓದಿ ಬೆಂಗಳೂರಿನ ಕಚೇರಿಗಳ ಬಾಗಿಲು ತಟ್ಟಿದವರಿಗೆ ಆ ಧಾಟಿ ಗೊತ್ತು. ಕೆಲಸ ನೋಡುವ ಮುಂಚೆ ಎಲ್ಲಿಂದ ಬಂದಿರಿ ಎಂದು ಕೇಳುವ ಧಾಟಿ ಅದು. 2022ರಲ್ಲಿ ಆ ಕೆಲಸವನ್ನು ಕೆನಡಾದ ಮಾಂಟ್ರಿಯಲ್ ಶಾಖೆಗೆ ವರ್ಗಾಯಿಸಿದರು. 2026ರ ಜನವರಿಯಲ್ಲಿ ಕಂಪನಿ ಅದನ್ನು ಪೂರ್ತಿ ಕೈಬಿಟ್ಟಿತು. ಮೂಲದ ಶಾಖೆಯವರಿಂದಲೂ ಅದು ದಡ ಸೇರಲಿಲ್ಲ ಅನ್ನೋದನ್ನು ಬೈದವರು ಯಾರೂ ನೆನಪಿಸಿಕೊಂಡಂತೆ ಕಾಣಲಿಲ್ಲ.

ಅಷ್ಟರೊಳಗೆ ಇನ್ನೊಂದು ದಾರಿಯಲ್ಲಿ ಪ್ರಿನ್ಸ್ ಎದ್ದು ಬಂದಿದ್ದ. 2024ರ ಜನವರಿ 18ಕ್ಕೆ, ಫ್ರಾನ್ಸಿನ ಮಾಂಪೆಲಿಯೆ ಶಾಖೆಯವರು ಮಾಡಿದ 'ದಿ ಲಾಸ್ಟ್ ಕ್ರೌನ್' ಬಿಡುಗಡೆಯಾಯಿತು. ಮತ್ತೆ ಹಳೇ ಕಾಲದಂತೆ ಪಕ್ಕದಿಂದ ನೋಡುವ ಆಟ. ನಮ್ಮಲ್ಲಿ ಯಾರ ಹತ್ತಿರವೂ ಅದನ್ನು ಆಡುವ ಯಂತ್ರ ಇರಲಿಲ್ಲ. 2025ರ ಏಪ್ರಿಲ್‌ನಲ್ಲಿ ಅದು ಮೊಬೈಲಿಗೆ ಬಂದ ಮೇಲೆ ಆಡಿದೆವು. ಮೊದಲ ಭಾಗವನ್ನು ಪುಕ್ಕಟೆ ಆಡಬಹುದು, ಹಿಡಿಸಿದರೆ ಒಂದು ಸಲ ದುಡ್ಡು ಕೊಟ್ಟು ಮುಂದಕ್ಕೆ ಹೋಗಬಹುದು. ಹೋಲಿಸಿ ನೋಡಲೆಂದು ಹಳೇ ಪ್ರಿನ್ಸನ್ನೂ ಲ್ಯಾಪ್‌ಟಾಪಿಗೆ ಹಾಕಿಕೊಂಡು ಎರಡನ್ನೂ ಅಕ್ಕಪಕ್ಕ ಇಟ್ಟು ಕೂತೆವು.

ಮೊದಲು ಕಳೆದುಹೋದದ್ದನ್ನು ಹೇಳಿಬಿಡುತ್ತೇವೆ. ಮೈಭಾರ ಹೋಗಿದೆ. ಹೊಸ ಆಟದ ನಾಯಕ ಸರ್ಗಾನ್ ಎಂಬ ಯೋಧ. ಅವನು ರಾಜಕುಮಾರನಲ್ಲ, ಅಪಹರಣವಾದ ರಾಜಕುಮಾರನನ್ನು ಹುಡುಕಿ ಕಾಫ್ ಬೆಟ್ಟಕ್ಕೆ ಹೋಗುವವನು. ಗಾಳಿಯಲ್ಲೇ ತಿರುಗಿ ನುಗ್ಗುತ್ತಾನೆ, ಎತ್ತರದಿಂದ ಬಿದ್ದರೂ ಏನೂ ಆಗದವನಂತೆ ಏಳುತ್ತಾನೆ. 60 ನಿಮಿಷದ ಗಡುವೂ ಇಲ್ಲ. ಹಳೇ ಆಟದ ಆ ಮೌನವೂ ಇಲ್ಲ. ಅಲ್ಲಿ ಕೇಳುತ್ತಿದ್ದುದು ಹೆಜ್ಜೆ ಸದ್ದು, ಬಾಗಿಲ ಕಿರ್ರೆನ್ನುವ ಸದ್ದು ಅಷ್ಟೇ. ನಮ್ಮ ಮನೆಯ ಹುಡುಗನೊಬ್ಬ ಹಳೇದನ್ನು ಎರಡು ನಿಮಿಷ ಆಡಿ, "ಅಣ್ಣ, ಇದೇನ್ ಇಷ್ಟ್ ನಿಧಾನ ಐತೆ? ಈಗ ಒತ್ತಿದ್ರೆ ಆಮೇಲೆ ಹಾರ್ತಾನೆ" ಎಂದು ಎದ್ದುಹೋದ. ನಮಗೆ ರುಚಿಸಿದ್ದೇ ಆ ನಿಧಾನ. ಅದು ಅವನಿಗೆ ದೋಷ.

ಇನ್ನು ಉಳಿದದ್ದು. ಬಲೆಗಳು ಈಗಲೂ ಮೋಸ ಮಾಡುವುದಿಲ್ಲ. ಮೊಳೆ, ಗರಗಸ, ಕುಸಿಯುವ ಕಟ್ಟೆ ಎಲ್ಲವೂ ಕಣ್ಣ ಮುಂದೆಯೇ ಇರುತ್ತವೆ. ಸತ್ತರೆ ಯಾಕೆ ಸತ್ತೆ ಎಂದು ಗೊತ್ತಾಗುತ್ತದೆ. ಮುಂದೆ ಹೋದಂತೆ ಸರ್ಗಾನ್‌ಗೆ ಒಂದು ಶಕ್ತಿ ಸಿಗುತ್ತದೆ. ನಿಂತ ಜಾಗದಲ್ಲಿ ತನ್ನ ನೆರಳನ್ನು ಬಿಟ್ಟುಹೋಗಿ, ಬೇಕಾದಾಗ ತಟ್ಟನೆ ಅಲ್ಲಿಗೇ ವಾಪಸ್ಸಾಗಬಹುದು. ಅದನ್ನು ಕಂಡಾಗ ನಮ್ಮಲ್ಲಿ ಒಬ್ಬ "ಲೇ, ಇದು ಕನ್ನಡಿಯೊಳಗಿನವನೇ ಕಣ್ರೋ" ಎಂದು ಕೂಗಿದ. 1989ರಲ್ಲಿ ಔಷಧಿ ಕದ್ದು ಓಡಿದ ನೆರಳು ಈಗ ಜೊತೆಗಾರನಾಗಿ ದುಡಿಯುತ್ತಿದೆ. ನಕಲು ಮಾಡುವವರಾಗಿದ್ದರೆ ಅದೇ ಕನ್ನಡಿಯನ್ನು ಹೊಳಪು ಮಾಡಿ ಇಡುತ್ತಿದ್ದರು. ಇವರು ಹಳೇದನ್ನು ಓದಿಕೊಂಡು ಬಂದವರು.

ಇಷ್ಟಕ್ಕೇ ಮುಗಿದಿದ್ದರೆ ಇದು ನಮ್ಮ ನಮ್ಮೊಳಗಿನ ಹರಟೆಯಾಗಿ ಉಳಿಯುತ್ತಿತ್ತು. ನಮ್ಮ ಗುಂಪಿನಲ್ಲಿ ಪ್ರಿನ್ಸನ್ನು ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವನೊಬ್ಬ ಇದ್ದಾನೆ. ಕೆಲವು ವರ್ಷದ ಹಿಂದೆ ಶೇಂಗಾ ಬಿಡಿಸುವ ಮಿಷನ್ನಿಗೆ ಅವನ ಬಲಗೈಯ ಎರಡು ಬೆರಳು ಹೋದವು. ಹಳೇದನ್ನು ಅಕ್ಕಪಕ್ಕ ಇಟ್ಟು ಆಡಿದ ದಿನ ಅವನು ಕೀಬೋರ್ಡ್ ಮುಟ್ಟಲಿಲ್ಲ. ಎಲ್ಲಿ ನಿಲ್ಲಬೇಕು, ಎಲ್ಲಿ ಹಾರಬೇಕು ಎಂದು ಹಿಂದೆ ನಿಂತು ಹೇಳುತ್ತಿದ್ದ. ಹೊಸದರಲ್ಲಿ ಪರದೆಯ ಮೇಲಿನ ಬಟನ್‌ಗಳನ್ನು ತನಗೆ ಎಟಕುವ ಕಡೆ ಸರಿಸಿಕೊಂಡ. ತೀರಾ ಕಷ್ಟದ ಜಿಗಿತಗಳಿರುವ ಕಡೆ ಒಂದು ಬಾಗಿಲು ತೆರೆದು ದಾಟಿಸುವ ಸಹಾಯವೂ ಆ ಆಟದಲ್ಲಿದೆ. ಅದನ್ನು ಸೆಟ್ಟಿಂಗ್ಸ್‌ನಲ್ಲಿ ಹಾಕಿಕೊಂಡ.

ಅಲ್ಲಿಗೆ ನಮ್ಮಲ್ಲಿ ಜಗಳ ಹತ್ತಿಕೊಂಡಿತು. ಹಾಗೆ ಬಾಗಿಲಲ್ಲಿ ದಾಟಿದರೆ ಅದು ಪ್ರಿನ್ಸ್ ಹೇಗಾಗುತ್ತದೆ, ಕಷ್ಟವೇ ಅದರ ಜೀವ ಅಲ್ಲವೇ ಎಂದು ಕೆಲವರು ಹಿಡಿದುಕೊಂಡರು. ಅವನು ತಲೆ ಎತ್ತದೆ, "ನಿಮಗೆ ಆವಾಗ ಮೆಗಾಹಿಟ್ ಇರಲಿಲ್ವೇನ್ರಲಾ?" ಎಂದ. ಎಲ್ಲರೂ ನಕ್ಕುಬಿಟ್ಟೆವು. ಹಳೇ ಆಟ ಶುರು ಮಾಡುವಾಗ 'ಪ್ರಿನ್ಸ್ ಮೆಗಾಹಿಟ್' ಎಂದು ಟೈಪ್ ಮಾಡಿದರೆ ಹಂತಗಳನ್ನು ಹಾರಿಸಬಹುದಿತ್ತು, ಜೀವ ಹೆಚ್ಚಿಸಿಕೊಳ್ಳಬಹುದಿತ್ತು. ಸೆಂಟರಿನಲ್ಲಿ ಆಡುತ್ತಿದ್ದ ಹುಡುಗರೆಲ್ಲರಿಗೂ ಆ ಮಂತ್ರ ಗೊತ್ತಿತ್ತು. 15 ರೂಪಾಯಿಯಲ್ಲಿ ರಾಜಕುಮಾರಿಯ ಮುಖ ನೋಡಬೇಕೆಂದರೆ ಬೇರೆ ದಾರಿ ಇರಲಿಲ್ಲ. ಹಿತ್ತಲ ಬಾಗಿಲು ಹಳೇದರಲ್ಲೂ ಇತ್ತು, ಗೊತ್ತಿದ್ದವರ ಕಿವಿಯಿಂದ ಕಿವಿಗೆ ದಾಟುತ್ತಿತ್ತು. ಹೊಸದು ಅದನ್ನು ಮುಂದಿನ ಬಾಗಿಲಿಗೆ ತಂದು, ಬೇಕಾದವರು ಬನ್ನಿ ಎಂದು ಬೋರ್ಡು ಹಾಕಿದೆ. ನಮ್ಮ ಲೆಕ್ಕದಲ್ಲಿ ಇದು ಹಳೇದಕ್ಕಿಂತ ಒಂದು ಹೆಜ್ಜೆ ಮೇಲು.

ಇನ್ನೊಂದು ಹೆಜ್ಜೆಯೂ ಇದೆ. ಹೊಸ ಆಟವನ್ನು ಪರ್ಷಿಯನ್ ಭಾಷೆಯ ದನಿಯಲ್ಲೂ ಕೇಳಬಹುದು. ಪರ್ಷಿಯಾದ ಹೆಸರಲ್ಲಿ ಆಟ ಶುರುವಾಗಿ 34 ವರ್ಷ ದಾಟಿದ ಮೇಲೆ ಅದರ ಪಾತ್ರಗಳು ಪರ್ಷಿಯನ್ ಮಾತಾಡಿದವು. ನಮಗೆ ಒಂದಕ್ಷರ ಅರ್ಥವಾಗದಿದ್ದರೂ ಅದೇ ಭಾಷೆ ಹಾಕಿಕೊಂಡು ಆಡಿದೆವು. ಪರದೆ ಮೇಲಿನ ಇಂಗ್ಲಿಷನ್ನು ಪಕ್ಕದವನಿಗೆ ಕನ್ನಡದಲ್ಲಿ ಹೇಳುತ್ತಾ ಆಡಿ ಬೆಳೆದವರಿಗೆ, ತಮ್ಮ ಮಾತು ಆಟದೊಳಗೆ ಕೇಳಿಸುವುದು ಆ ಜನಕ್ಕೆ ಏನು ಎಂದು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಹೊಸದು ಹಳೇದಕ್ಕೆ ಸಮನೇ? ಜಿಗಿತದ ತೂಕದಲ್ಲಿ, ಗಡಿಯಾರದ ಬಿಸಿಯಲ್ಲಿ ಅಲ್ಲ. ಆಡುವವನನ್ನು ಗೌರವದಿಂದ ಕಾಣುವುದರಲ್ಲಿ ಸಮ, ಯಾರ್ಯಾರು ಆಡಬಹುದು ಅನ್ನುವುದರಲ್ಲಿ ಹೆಚ್ಚು. ನಮ್ಮಲ್ಲಿ ಹೆಚ್ಚಿನವರು ಒಪ್ಪಿದ್ದು ಇಷ್ಟು. ಇಬ್ಬರು ಈಗಲೂ ಒಪ್ಪಿಲ್ಲ, ಅವರು ಬೇಕಾದರೆ ಬೇರೆ ಬರೆಯಲಿ.

ಒಂದು ಮಾತು ಬಾಕಿ ಇದೆ. ವಿಮರ್ಶಕರು 'ದಿ ಲಾಸ್ಟ್ ಕ್ರೌನ್' ಅನ್ನು ಮೆಚ್ಚಿ ಬರೆದರು. ಆದರೂ 2024ರ ಅಕ್ಟೋಬರಿನಲ್ಲಿ ಅದನ್ನು ಮಾಡಿದ ತಂಡವನ್ನು ಬೇರೆ ಬೇರೆ ಕೆಲಸಗಳಿಗೆ ಹಂಚಿಬಿಟ್ಟರು ಎಂಬ ಸುದ್ದಿ ಬಂತು. ಮಾರಾಟ ನಿರೀಕ್ಷಿಸಿದಷ್ಟು ಆಗಲಿಲ್ಲ ಎಂದು ವರದಿಗಳಿದ್ದವು. ಹಳೇದರ ಮುಂದೆ ಹೊಸದು ಬರಲ್ಲ ಅನ್ನುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎಷ್ಟೋ ಸಲ ಹೊಸದು ಬಂದಿರುತ್ತದೆ, ಚೆನ್ನಾಗಿಯೂ ಇರುತ್ತದೆ. ಹಳೇದನ್ನು ಹೊಗಳಿದವರೆಲ್ಲ ಅಂಗಡಿ ಮುಂದೆ ಹಾದು ಹೋಗುತ್ತಾರೆ, ಒಳಗೆ ಬರುವುದಿಲ್ಲ. ಮೊಳಕಾಲ್ಮುರಿನಲ್ಲಿ ಮಗ್ಗದ ಮುಂದೆ ಕೂತವರನ್ನು ಕೇಳಿ ನೋಡಿ, ಅವರು ಇದನ್ನು ನಮಗಿಂತ ಚೆನ್ನಾಗಿ ಹೇಳುತ್ತಾರೆ.