ಕೆಸರಿನ ಓಣಿಯಲ್ಲಿ ವಿದ್ಯುತ್ತಿನ ಬಂಡಿ

ಯಲಹಂಕದಿಂದ ದೊಡ್ಡಬಳ್ಳಾಪುರದ ಹಾದಿ ಹಿಡಿದು ರಾಜಾನುಕುಂಟೆಯಲ್ಲಿ ಎಡಕ್ಕೆ ಹೊರಳಿದರೆ ಕಾಕೋಳಿನ ಮೇಲೆ ಹೆಸರಘಟ್ಟದತ್ತ ಸಾಗಬಹುದು. ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿಗೆ ಹೆಸರಘಟ್ಟದಲ್ಲಿ 1894ರಲ್ಲಿ ಕಟ್ಟಿದ ಕೆರೆಯ ನೀರೇ 1896ರಲ್ಲಿ ಕೊಳವೆಗಳ ಮೂಲಕ ಬೆಂಗಳೂರಿಗೆ ಹರಿದದ್ದು. ಇಂದು ನಗರವೇ ಈ ಸೀಮೆಗೆ ಹರಿದು ಬಂದಿದೆ. ಆದರೂ ಡಾಂಬರು ರಸ್ತೆಯಿಂದ ತೋಟಗಳಿಗೆ ಇಳಿಯುವ ಓಣಿಗಳು ಇನ್ನೂ ಕೆಮ್ಮಣ್ಣಿನವೇ. ಒಂದು ಹದ ಮಳೆ ಬಿದ್ದರೆ ಸಾಕು, ಕಾಲಿಟ್ಟವನ ಚಪ್ಪಲಿಯನ್ನು ನೆಲ ತಾನೇ ಇಟ್ಟುಕೊಳ್ಳುತ್ತದೆ.

ಈ ಭಾಗದಲ್ಲಿ ನಮ್ಮ ಸಮಾಜದ ಒಂದು ಮನೆತನವು ತರಕಾರಿ ಬೆಳೆದು ಯಶವಂತಪುರದ ಮಾರುಕಟ್ಟೆಗೆ ಸಾಗಿಸಿ ಜೀವಿಸುತ್ತಿದೆ. ಕಾರ್ತಿಕದ ಸೋಮವಾರಗಳಲ್ಲಿ ಶಿವಗಂಗೆಯ ತಪ್ಪಲಿನ ಒಂದು ಚಿಕ್ಕ ಮಠದ ದಾಸೋಹಕ್ಕೆ ಒಂದು ಹೊರೆ ಕಳಿಸುವುದು ಅವರ ಮನೆಯ ನಡೆವಳಿ. ಮನೆಯ ಕಿರಿಯ ಮಗನು ತಾಯಿಯ ಒಡವೆಗಳನ್ನು ಅಡವಿಟ್ಟು, ಉಳಿದುದಕ್ಕೆ ಸಾಲ ಪಡೆದು, ವಿದ್ಯುತ್ತಿನಿಂದ ಓಡುವ ಸರಕು ಗಾಡಿಯೊಂದನ್ನು ಕೊಂಡಿದ್ದನು. ಎತ್ತಿನ ಗಾಡಿ ಹೊಡೆದು, ಆಮೇಲೆ ಡೀಸೆಲ್ ಗಾಡಿ ನಡೆಸಿದ ತಂದೆಗೆ ಇದು ರುಚಿಸಲಿಲ್ಲ. “ಡಾಂಬರಿನ ಮೇಲೆ ಏನು ಬೇಕಾದರೂ ಓಡುತ್ತೆ ಅಯ್ಯನವರೇ, ನಮ್ಮ ಓಣೀಲಿ ಓಡಬೇಕಲ್ಲ” ಎಂದು ಅವರು ನನ್ನೆದುರು ಹೇಳಿದರು. ಕಳೆದ ಕಾರ್ತಿಕದ ಒಂದು ಸೋಮವಾರ, ದಾಸೋಹದ ಹೊರೆಯೊಡನೆ ನಾನೂ ಹೊರಟೆನು.

ವಿದ್ಯುತ್ ವಾಹನವು ಬೆಂಗಳೂರಿಗೆ ಹೊಸದೇನಲ್ಲ. ‘ರೇವಾ’ ಎಂಬ ಪುಟ್ಟ ಕಾರು 2001ರಲ್ಲಿಯೇ ಇಲ್ಲಿಂದ ಹೊರಬಂದಿತು. ಸರಕು ಗಾಡಿಗಳಲ್ಲಿ ಹೆಚ್ಚು ಪರಿಚಿತವಾದ ಟಾಟಾ ಏಸ್‌ನ ವಿದ್ಯುತ್ ರೂಪವನ್ನು 2022ರ ಮೇ ತಿಂಗಳಲ್ಲಿ ಪ್ರಕಟಿಸಿದರು. ಅದರ ಬ್ಯಾಟರಿಯಲ್ಲಿ 21.3 ಯೂನಿಟ್ ವಿದ್ಯುತ್ತು ಹಿಡಿಯುತ್ತದೆ. ಪ್ರಮಾಣಪತ್ರದಲ್ಲಿ ಕಾಣಿಸಿದ ಓಟ 154 ಕಿಲೋಮೀಟರು. ನೂರು ಮೀಟರಿಗೆ ಇಪ್ಪತ್ತೆರಡು ಮೀಟರು ಏರುವ ದಿಣ್ಣೆಯನ್ನು ಹೊರೆಯೊಡನೆ ಹತ್ತಬಲ್ಲದೆಂದು ತಯಾರಕರ ಹೇಳಿಕೆ. ನಾವು ಕುಳಿತದ್ದು ಬೇರೊಂದು ತಯಾರಿಕೆಯ ಗಾಡಿ, ಅಳತೆ ಹೆಚ್ಚುಕಡಿಮೆ ಅದೇ. ಈ ಅಂಕಿಗಳೆಲ್ಲ ಗಟ್ಟಿ ನೆಲದ ಮಾತು ಎಂಬುದನ್ನು ಕೊಳ್ಳುವವರು ಮರೆಯಬಾರದು.

ಹಿಂದಿನ ರಾತ್ರಿ ಮಳೆಯಾಗಿತ್ತು. ಕುಂಬಳ, ಬದನೆ, ತೆಂಗಿನಕಾಯಿಗಳ ಹೊರೆ ಹೊತ್ತು ಗಾಡಿಯು ತೋಟದ ಬಾವಿಯ ಬಳಿಯಿಂದ ಏರು ಹತ್ತತೊಡಗಿತು. ಸದ್ದೇ ಇಲ್ಲ, ಬದುವಿನ ಕಪ್ಪೆಗಳ ಕೂಗು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಡೀಸೆಲ್ ಯಂತ್ರವು ಮೊದಲು ಒಂದಿಷ್ಟು ಗರ್ಜಿಸಿ ವೇಗವಾಗಿ ತಿರುಗಿದ ಮೇಲೆಯೇ ಅದರ ಪೂರ್ಣ ಬಲ ಚಕ್ರಕ್ಕೆ ಬರುತ್ತದೆ. ಅಷ್ಟರೊಳಗೆ ಕ್ಲಚ್ಚು ಬಿಡುವಲ್ಲಿ ಚಾಲಕ ತಪ್ಪಿದರೆ ಗಾಡಿ ಹಿಂದಕ್ಕೆ ಜಾರುತ್ತದೆ. ವಿದ್ಯುತ್ ಮೋಟಾರಿನ ಗುಣ ಬೇರೆ. ನಿಂತ ನಿಲುವಿನಲ್ಲಿಯೇ ಅದರ ಪೂರ್ಣ ಬಲ ದೊರೆಯುತ್ತದೆ. ನೊಗಕ್ಕೆ ಹೆಗಲು ಕೊಟ್ಟ ಎತ್ತು ಮೊದಲ ಹೆಜ್ಜೆಯಲ್ಲಿಯೇ ಮೈಯೆಲ್ಲವನ್ನೂ ತೊಡಗಿಸುವುದಿಲ್ಲವೇ, ಹಾಗೆ. ಪಾದದ ಒತ್ತಡವನ್ನು ಕೂದಲೆಳೆಯಷ್ಟು ಹೆಚ್ಚಿಸುತ್ತ, ಕಲ್ಲೊಂದರ ಮೇಲೆ ಗಾಲಿಯನ್ನು ಮೆಲ್ಲನೆ ಏರಿಸಿ ಇಳಿಸುವುದು ಸಾಧ್ಯ. ಕೊರಕಲು ಹಾದಿಗೆ ಬೇಕಾದುದು ಈ ನಿಧಾನವೇ ಹೊರತು ವೇಗವಲ್ಲ.

ಆದರೆ ಬಲವಿದ್ದ ಮಾತ್ರಕ್ಕೆ ಹಿಡಿತವಿರುವುದಿಲ್ಲ. ಕೆರೆಯ ಕೋಡಿಯ ಕೆಳಗಿನ ತಗ್ಗಿಗೆ ಬಂದಾಗ ಹಿಂದಿನ ಎಡಗಾಲಿ ಇದ್ದಲ್ಲಿಯೇ ಗಿರಗಿರನೆ ತಿರುಗಿತು. ಈ ಗಾಡಿಗಳಲ್ಲಿ ಬಲ ಹೋಗುವುದು ಹಿಂದಿನ ಎರಡು ಗಾಲಿಗಳಿಗೆ. ಅವುಗಳಲ್ಲಿ ಒಂದು ಜಾರಿದರೆ ಓಟವೆಲ್ಲ ಅದಕ್ಕೇ ಸಂದು, ಗಟ್ಟಿ ನೆಲದ ಮೇಲಿರುವ ಇನ್ನೊಂದು ಸುಮ್ಮನೆ ನಿಲ್ಲುತ್ತದೆ. ಹುಡುಗ ಹೆದರಿ ಇನ್ನಷ್ಟು ಒತ್ತಿದನು. ಗಾಲಿ ಇನ್ನಷ್ಟು ಹೂತಿತು. ಕಡೆಗೆ ಅರ್ಧ ಹೊರೆ ಇಳಿಸಿ, ಕುಂಬಳಗಳನ್ನು ತಲೆಯ ಮೇಲೆ ಸಾಗಿಸಿ, ಗಾಲಿಯ ಕೆಳಗೆ ತೆಂಗಿನ ಗರಿ ಹಾಸಿದ ಮೇಲೆ ಗಾಡಿ ಮೇಲೆದ್ದಿತು. ಅಮೆರಿಕದಲ್ಲಿ 2021ರಿಂದ ಓಡುತ್ತಿರುವ ರಿವಿಯನ್ ಎಂಬ ವಿದ್ಯುತ್ ಪಿಕಪ್‌ನಲ್ಲಿ ನಾಲ್ಕು ಗಾಲಿಗೆ ನಾಲ್ಕು ಮೋಟಾರು ಕೂಡಿಸಿದ್ದುಂಟು. ಒಂದು ಗಾಲಿ ಜಾರಿದರೆ ಉಳಿದ ಮೂರು ಎಳೆಯುತ್ತವೆ. ಅದರ ಬೆಲೆಗೆ ನಮ್ಮಲ್ಲಿ ತೋಟವನ್ನೇ ಕೊಳ್ಳಬಹುದೇನೋ! ಹಮ್ಮರ್ ಹೆಸರಿನ ಇನ್ನೊಂದು ವಿದ್ಯುತ್ ಪಿಕಪ್‌ನ ಸ್ವಂತ ತೂಕವೇ ನಾಲ್ಕು ಟನ್ನಿಗೂ ಮಿಗಿಲು. ಅದು ನಮ್ಮ ಓಣಿಯ ಕೆಸರಿನಲ್ಲಿ ಕುಳಿತರೆ ಎಬ್ಬಿಸುವವರಾರು?

ಕೆಸರು ವಿದ್ಯುತ್ತನ್ನೂ ನುಂಗುತ್ತದೆ. ಮೆತ್ತನೆಯ ನೆಲದಲ್ಲಿ ಗಾಲಿ ಉರುಳಲು ಡಾಂಬರಿನ ಮೇಲಿಗಿಂತ ಹಲವು ಪಟ್ಟು ಬಲ ಬೇಕು. ಬೆಟ್ಟ ಹತ್ತುವ ಖರ್ಚು ಮಾತ್ರ ನಾವು ಭಾವಿಸಿದಷ್ಟು ದೊಡ್ಡದಲ್ಲ. ಹೊರೆಯೂ ಸೇರಿ ಎರಡು ಟನ್ ತೂಗುವ ಗಾಡಿಯನ್ನು ನೂರು ಮೀಟರು ಎತ್ತರಕ್ಕೆ ಏರಿಸಲು ಲೆಕ್ಕದಂತೆ ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು ಸಾಕು. ಇಳಿಯುವಾಗ ಮೋಟಾರೇ ತಡೆಯಾಗಿ, ಗಾಲಿಯ ಓಟದಿಂದ ವಿದ್ಯುತ್ತು ಹುಟ್ಟಿ, ಅದರಲ್ಲೊಂದು ಪಾಲು ಬ್ಯಾಟರಿಗೆ ಮರಳುತ್ತದೆ. ಇಳಿಜಾರಿನಲ್ಲಿ ಬ್ರೇಕು ಕಾಯುವ ಭಯವೂ ಕಡಿಮೆ. ನೀರಿನ ಭಯ ಹಲವರಿಗಿದೆ. ಬ್ಯಾಟರಿಯ ಪೆಟ್ಟಿಗೆಯನ್ನು ನೀರು ಹೊಗದಂತೆ ಮುಚ್ಚಿರುತ್ತಾರೆ. ಅದಕ್ಕಿಂತ ಅಂಜಬೇಕಾದುದು ಗಾಡಿಯ ಹೊಟ್ಟೆಗೆ ಬಡಿಯುವ ಕಲ್ಲಿಗೆ.

ಹೆಸರಘಟ್ಟ ದಾಟುವಾಗ ಅಲ್ಲಿಯ ಹುಲ್ಲುಗಾವಲಿನ ಮೇಲೆ ಗಾಲಿಗಳ ಗೀರು ಕಂಡವು. ಕಾರ್ಯವಿಲ್ಲದೆ ಮೋಜಿಗಾಗಿ ಹುಲ್ಲಿನ ಮೇಲೆ ಗಾಡಿ ಹಾಯಿಸುವವರು ಉಂಟು. ನೆಲದ ಮೇಲೆಯೇ ಗೂಡು ಕಟ್ಟುವ ಹಕ್ಕಿಗಳಿಗೆ ಡೀಸೆಲ್ ಆದರೇನು, ವಿದ್ಯುತ್ತಾದರೇನು?

ನೆಲಮಂಗಲ, ದಾಬಸ್‌ಪೇಟೆಗಳನ್ನು ದಾಟಿ ಶಿವಗಂಗೆ ತಲುಪಿದಾಗ ಹೊತ್ತು ಏರಿತ್ತು. ಗಂಗಾಧರೇಶ್ವರನಿಗೆ ಅಭಿಷೇಕ ಮಾಡಿದ ತುಪ್ಪ ಬೆಣ್ಣೆಯಾಗುವುದೆಂದು ಭಕ್ತರು ನಂಬುವ ಕ್ಷೇತ್ರವಿದು. ಬೆಟ್ಟದ ನೆತ್ತಿಗೆ ಇಂದಿಗೂ ಯಾವ ಗಾಡಿಯೂ ಹೋಗದು, ಕಾಲೇ ಗತಿ. ತಪ್ಪಲಿನ ಮಠದ ಕಲ್ಲುಹಾದಿಯನ್ನು ನಮ್ಮ ಗಾಡಿ ತಡವರಿಸದೆ ಏರಿತು. ದಾಸೋಹದ ಮನೆಯಲ್ಲಿ ಹೊರೆ ಇಳಿಸಿ ಪ್ರಸಾದ ಪಡೆದು ಊರಿಗೆ ಮರಳುವ ವೇಳೆಗೆ ಬ್ಯಾಟರಿಯಲ್ಲಿ ಉಳಿದದ್ದು ಕಾಲು ಭಾಗಕ್ಕೂ ಕಡಿಮೆ. ದಿನಕ್ಕೊಮ್ಮೆ ಯಶವಂತಪುರಕ್ಕೆ ಹೋಗಿ ಬರುವವನಿಗೆ ಇದು ಧಾರಾಳ. ಶಿವಗಂಗೆಗೆ ಎರಡು ಸಲವೆಂದರೆ ಆಗದ ಮಾತು.

ಅಂಬಿಗರ ಚೌಡಯ್ಯನವರು ದೋಣಿಯನ್ನೇ ಕಾಯಕವಾಗಿಸಿಕೊಂಡವರು. ಹೊಳೆಯ ಸೆಳವನ್ನು ಅರಿಯದೆ ಅವರು ಹುಟ್ಟು ಹಾಕಿರಲಾರರು. ನಾನು ಕಂಡದ್ದನ್ನೆಲ್ಲ ಆ ತಂದೆಗೆ ಹೇಳಿದೆನು. ಡೀಸೆಲ್ ಗಾಡಿಯನ್ನು ಈ ಮಳೆಗಾಲ ಕಳೆಯುವವರೆಗೆ ಮಾರಬೇಡಿರೆಂದೂ, ಕೆಸರಿನ ದಿನ ಅರ್ಧ ಹೊರೆ ಸಾಕೆಂದೂ ಸೂಚಿಸಿದೆನು. ಅವರು ಮಗನನ್ನು ಏನೂ ಅನ್ನಲಿಲ್ಲ. ಮುಂದಿನ ಸೋಮವಾರದೊಳಗೆ ಕೋಡಿಯ ಕೆಳಗಿನ ತಗ್ಗಿಗೆ ಮೂರು ಗಾಡಿ ಜಲ್ಲಿ ಹೊಡೆಸಿ, ತಾವೇ ನಿಂತು ಹರಡಿಸಿದರಂತೆ.