ಹುಮನಾಬಾದಿನ ಚಾವಿ ಉಸ್ತಾದ್

ತೊಂಬತ್ತರ ದಶಕದಲ್ಲಿ ನಮ್ಮ ಕಾಕಾ ಕೊಡಂಬಲ, ಚಿಟಗುಪ್ಪ, ಹುಮನಾಬಾದ್ ನಡುವೆ ಕಮಾಂಡರ್ ಜೀಪು ಓಡಿಸುತ್ತಿದ್ದ. ಆ ಜೀಪಿಗೆ ಒಂದು ಚಾವಿ ಇತ್ತು ಅನ್ನುವುದಷ್ಟೇ, ಅದು ಇಲ್ಲದಿದ್ದರೂ ನಡೆಯುತ್ತಿತ್ತು. ಬಾಗಿಲ ಜಾಗದಲ್ಲಿ ರೆಕ್ಸಿನ್ ಪರದೆ. ಹಳೇ ಡೀಸೆಲ್ ಎಂಜಿನ್, ಕಿಡಿಯ ಗೊಡವೆ ಇಲ್ಲ. ಒಮ್ಮೆ ಎದ್ದಮೇಲೆ ಚಾವಿ ಕಿತ್ತು ಅಂಗಿ ಜೇಬಿಗೆ ಹಾಕಿಕೊಂಡರೂ ತನ್ನ ಪಾಡಿಗೆ ಗುಡುಗುತ್ತಲೇ ಇರುತ್ತಿತ್ತು. ನಿಲ್ಲಿಸಬೇಕೆಂದರೆ ಸ್ಟಾಪರ್ ಎಳೆಯಬೇಕು. ಚಾವಿ ಕಳೆದ ದಿನ ಕಾಕಾ ಸ್ಟೇರಿಂಗ್ ಕೆಳಗೆ ಕೈಹಾಕಿ ಎರಡು ವೈರು ಮುಟ್ಟಿಸುತ್ತಿದ್ದ. ಬ್ಯಾಟರಿಯೂ ಸತ್ತಿದ್ದರೆ ಹಿಂದೆ ಕೂತ ಪ್ಯಾಸೆಂಜರುಗಳು ಇಳಿದು ತಳ್ಳುತ್ತಿದ್ದರು. ಅದಕ್ಕೆ ಟಿಕೆಟ್ಟಿನಲ್ಲಿ ರಿಯಾಯಿತಿ ಏನೂ ಇರಲಿಲ್ಲ.

ಹುಮನಾಬಾದಿನಲ್ಲಿ ನಾನು ಸ್ಪೇರ್ ಪಾರ್ಟ್ಸ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯಲು ಸೇರಿದ್ದು ಆ ಜೀಪಿನಲ್ಲೇ ಓಡಾಡುತ್ತ. ಅಂಗಡಿ ಇದ್ದದ್ದು ಹೈದರಾಬಾದ್-ಸೊಲ್ಲಾಪುರ ರಸ್ತೆಯ ಮೇಲೆ. ಇವತ್ತು ಅದನ್ನು 65 ಅನ್ನುತ್ತಾರೆ, ಆಗ ನ್ಯಾಷನಲ್ ಹೈವೇ ನಂಬರ್ 9. ನಮ್ಮ ಅಂಗಡಿಯ ಕಟ್ಟೆಗೆ ಹೊಂದಿಕೊಂಡು ಚಾವಿ ಉಸ್ತಾದ್ ಕೂಡುತ್ತಿದ್ದರು. ಒಂದು ಮರದ ಪೆಟ್ಟಿಗೆ, ಅದರ ಅಂಚಿಗೆ ಬಿಗಿದ ಸಣ್ಣ ವೈಸು, ತಂತಿಯ ದೊಡ್ಡ ಬಳೆಗೆ ಪೋಣಿಸಿದ ನೂರಾರು ಚಾವಿ, ಮೇಲೊಂದು ಛತ್ರಿ. ಸಂತೆ, ಜಾತ್ರೆ ಇದ್ದಾಗ ಶಿಕಲಗಾರ ಸರದಾರರೂ ಹೆಗಲಿಗೆ ಚಾವಿಗೊಂಚಲು ಹಾಕಿಕೊಂಡು ಬರುತ್ತಿದ್ದರು, ಸಂಜೆಗೆ ಹೊರಟುಹೋಗುತ್ತಿದ್ದರು. ಉಸ್ತಾದ್ ಮಾತ್ರ ಮಳೆ ಬಿಸಿಲು ಎನ್ನದೆ ಅಲ್ಲೇ.

ಅವರು ಚಾವಿ ಮಾಡುವುದನ್ನು ನೋಡುವುದೇ ಒಂದು ಚಟವಾಗಿತ್ತು ನನಗೆ. ಮಾದರಿ ಚಾವಿ ಇದ್ದರೆ ಎರಡನ್ನೂ ಜೋಡಿಸಿ ವೈಸಿಗೆ ಬಿಗಿದು ಕಾನಸದಿಂದ, ಅಂದರೆ ಅರದಿಂದ, ಉಜ್ಜಿ ಹತ್ತೇ ನಿಮಿಷಕ್ಕೆ ಕೈಗಿಡುತ್ತಿದ್ದರು. ಮಾದರಿ ಇಲ್ಲದಿದ್ದಾಗಲೇ ನಿಜವಾದ ವಿದ್ಯೆ. ಹಲ್ಲಿಲ್ಲದ ಹಿತ್ತಾಳೆ ಚಾವಿಯನ್ನು ಚಿಮಣಿ ದೀಪದ ಹೊಗೆಗೆ ಹಿಡಿದು ಕಪ್ಪು ಮಾಡಿ, ಕೀಲಿಯೊಳಗೆ ತೂರಿಸಿ ಮೆಲ್ಲಗೆ ಆ ಕಡೆ ಈ ಕಡೆ ಒತ್ತುತ್ತಿದ್ದರು. ಹೊರಗೆ ತೆಗೆದರೆ ಮಸಿಯ ಮೇಲೆ ಸೂಜಿಮೊನೆಯಷ್ಟು ಗುರುತು. ಆ ಗುರುತಿದ್ದಲ್ಲಿ ಒಂದು ಉಜ್ಜು, ಮತ್ತೆ ಒಳಗೆ, ಮತ್ತೆ ಹೊರಗೆ. ಕಣ್ಣಿಗಿಂತ ಬೆರಳನ್ನೇ ಹೆಚ್ಚು ನಂಬುತ್ತಿದ್ದರು. ಅಂಬಾಸಡರ್, ಫಿಯಟ್, ಮಾರುತಿ, ಗೋದಾಮಿನ ಬಾಗಿಲು, ಸಾವಕಾರರ ತಿಜೋರಿ, ಎಲ್ಲಕ್ಕೂ ಇದೇ ಕ್ರಮ. ಸಾದಾ ಚಾವಿಗೆ ಹತ್ತು ಹದಿನೈದು ರೂಪಾಯಿ. ಮಾದರಿ ಇಲ್ಲದ್ದಕ್ಕೆ ಐವತ್ತರ ಮೇಲೆ. ಅದಕ್ಕೂ ಕಾಕಾ ಚೌಕಾಸಿ ಮಾಡುತ್ತಿದ್ದ.

ಮಾರುತಿ 800 ಬಂದಿದ್ದು 1983ರ ಕೊನೆಗೆ, ನಮ್ಮ ಕಡೆ ಮನೆಮನೆಗೆ ತಲುಪಿದ್ದು ಬಹಳ ತಡವಾಗಿ, ಅದೂ ಹೈದರಾಬಾದಿನವರು ಓಡಿಸಿ ಬಿಟ್ಟ ಗಾಡಿಗಳಾಗಿ. ಅವುಗಳ ಚಾವಿ ಸವೆದು ನುಣುಪಾಗಿರುತ್ತಿದ್ದವು. ಲಗ್ನದ ಮಂಟಪದ ಮುಂದೆ ನಾಲ್ಕೈದು ಬಿಳೀ ಮಾರುತಿ ನಿಂತಿದ್ದರೆ ಒಬ್ಬರ ಚಾವಿಗೆ ಇನ್ನೊಬ್ಬರ ಬಾಗಿಲು ತೆರೆಯುವುದು ದೊಡ್ಡ ಸುದ್ದಿಯೇ ಅಲ್ಲ. ಮಾಣಿಕನಗರದಲ್ಲಿ ಬೀಗರೊಬ್ಬರು ಬೇರೆಯವರ ಗಾಡಿಯಲ್ಲಿ ಹೋಳಿಗೆ ಡಬ್ಬಿ ಇಟ್ಟು ಮನೆಗೆ ಹೋದ ಕತೆ ವರ್ಷಗಟ್ಟಲೆ ಓಡಿತು. ನಗುವ ವಿಷಯ ಹೌದು. ಆದರೆ ಕಳ್ಳರಿಗೂ ಅಷ್ಟೇ ಸಲೀಸಾಗಿತ್ತು ಅನ್ನುವುದೂ ಇದರಲ್ಲೇ ಇದೆ.

ಯುರೋಪಿನಲ್ಲಿ ಕಾರುಗಳ್ಳತನ ತಾಳಲಾರದೆ ವಿಮೆಯವರು, ಸರಕಾರಗಳು ಗಟ್ಟಿಯಾಗಿ ಕೂತಾಗ ಇಮ್ಮೊಬಿಲೈಸರ್ ಎಂಬ ಕಾವಲು ಬಂತು. 1998ರಿಂದ ಅಲ್ಲಿ ಹೊಸ ಕಾರುಗಳಿಗೆ ಕಡ್ಡಾಯ. ನಮ್ಮಲ್ಲಿ 2000ದ ನಂತರದ ಕಾರುಗಳಲ್ಲಿ ಒಂದೊಂದಾಗಿ ಸೇರಿಕೊಂಡಿತು. ಹುಮನಾಬಾದಿಗೆ ಅದು ಬಂದದ್ದನ್ನು ನಾನು ಕಣ್ಣಾರೆ ಕಂಡೆ. ಹೈದರಾಬಾದಿನಿಂದ ಬಂದ ಒಂದು ಕಾರಿನವರು ಎರಡನೇ ಚಾವಿ ಮಾಡಿಸಲು ನಿಂತರು. ಉಸ್ತಾದ್ ಎಂದಿನಂತೆ ಉಜ್ಜಿ ಕೊಟ್ಟರು. ಬಾಗಿಲು ತೆರೆಯಿತು, ಸ್ಟೇರಿಂಗ್ ಬಿಟ್ಟಿತು, ಎಂಜಿನ್ ಎದ್ದು ಎರಡು ಸೆಕೆಂಡಿಗೆ ಸತ್ತಿತು. ಮೀಟರಿನಲ್ಲಿ ಚಾವಿಯ ಚಿತ್ರದ ದೀಪ ಮಿಣುಕುತ್ತಿತ್ತು. ಹಳೇ ಚಾವಿ ಹಾಕಿದರೆ ಏಳುತ್ತದೆ, ಹೊಸದಕ್ಕೆ ಇಲ್ಲ. ಉಸ್ತಾದ್ ಎರಡನ್ನೂ ಹಲ್ಲಿಗೆ ಹಲ್ಲು ಹಚ್ಚಿ ಸೂರ್ಯನಿಗೆ ಹಿಡಿದು ನೋಡಿದರು. ಕೂದಲೆಳೆಯ ವ್ಯತ್ಯಾಸವಿಲ್ಲ.

“ಚಾವಿ ಖರೇ ಅದ. ಗಾಡೀನೇ ಸುಳ್ಳ ಹೇಳಲಿಕ್ಕತ್ತದ” ಅಂದರು.

ಹೈದರಾಬಾದಿಗೆ ಹೋಗಿ ಬಂದವರೊಬ್ಬರು ಆಮೇಲೆ ಗುಟ್ಟು ಹೇಳಿದರು. ಚಾವಿಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿನಷ್ಟು ಚಿಪ್ಪು ಇರುತ್ತದೆ. ಅದಕ್ಕೆ ಬ್ಯಾಟರಿ ಇಲ್ಲ. ಚಾವಿ ತೂರಿಸುವ ತೂತಿನ ಸುತ್ತ ತಾಮ್ರದ ಸುರುಳಿ ಇದೆ. ಸ್ವಿಚ್ಚು ತಿರುಗಿಸಿದ ಕೂಡಲೇ ಅದು 125 ಕಿಲೋಹರ್ಟ್ಸಿನ ಆಸುಪಾಸಿನ ಅಲೆ ಬಿಡುತ್ತದೆ, ಆ ಅಲೆಯಿಂದಲೇ ಚಿಪ್ಪು ಶಕ್ತಿ ಪಡೆದು ತನ್ನ ಗುರುತು ಹೇಳುತ್ತದೆ. ಗಾಡಿಯ ಕಂಪ್ಯೂಟರಿನಲ್ಲಿ ಆ ಗುರುತು ಬರೆದಿದ್ದರೆ ಮಾತ್ರ ಡೀಸೆಲ್ಲೋ ಪೆಟ್ರೋಲೋ ಬಿಡುತ್ತದೆ. ಬಾಗಿಲು ತೆರೆಯುವ ಗುಂಡಿಗಳ ರಿಮೋಟಿನ ಸಂಸಾರವೇ ಬೇರೆ. ಅದಕ್ಕೆ ಬ್ಯಾಟರಿ ಬೇಕು, ಅದು ಹೆಚ್ಚಾಗಿ 433 ಮೆಗಾಹರ್ಟ್ಸಿನಲ್ಲಿ ಮಾತಾಡುತ್ತದೆ. ಇವೆರಡೂ ಒಂದೇ ಡಬ್ಬಿಯಲ್ಲಿ ಕೂತಿರುವುದರಿಂದ ರಿಮೋಟ್ ಸತ್ತರೆ ಚಾವಿಯೇ ಸತ್ತಿತೆಂದು ಜನ ಗಾಬರಿಯಾಗುತ್ತಾರೆ. ಇಪ್ಪತ್ತು ಮೂವತ್ತು ರೂಪಾಯಿಯ 2032 ಸೆಲ್ಲು ಹಾಕಿದರೆ ಮುಗಿಯುವ ಕೆಲಸಕ್ಕೆ ಸಾವಿರಗಟ್ಟಲೆ ತೆತ್ತವರನ್ನು ನಾನು ನೋಡಿದ್ದೇನೆ. ಗುಂಡಿ ಒತ್ತಿ ಚಾಲೂ ಮಾಡುವ ಗಾಡಿಯಾದರೂ ಸೆಲ್ಲು ಸತ್ತಾಗ ಫೋಬನ್ನು, ಅಂದರೆ ಆ ರಿಮೋಟ್ ಡಬ್ಬಿಯನ್ನು, ಆ ಗುಂಡಿಗೇ ತಾಗಿಸಿ ಹಿಡಿದರೆ ಹೆಚ್ಚಿನವು ಏಳುತ್ತವೆ. ಬಾಗಿಲಿಗೆ ಬೇಕಾದ ಕಬ್ಬಿಣದ ಚಾವಿ ಫೋಬಿನ ಹೊಟ್ಟೆಯಲ್ಲೇ ಅಡಗಿರುತ್ತದೆ.

ಅಲ್ಲಿಂದ ಮುಂದೆ ಕೆಲವು ವರ್ಷ ಉಸ್ತಾದರ ಪೆಟ್ಟಿಗೆಗೆ ಕಾರುಗಳು ಬರುವುದು ಕಡಿಮೆಯಾಯಿತು. ಟ್ರ್ಯಾಕ್ಟರು, ಮೋಟರ್ ಸೈಕಲ್ಲು, ಬಸವಕಲ್ಯಾಣದ ಆಟೋನಗರಕ್ಕೆ ಹೊರಟ ಹಳೇ ಲಾರಿಗಳು, ಇವೇ ಆಧಾರ. ಕಾರಿನ ಚಾವಿ ಕಳೆದವರು ಕಂಪನಿ ಷೋರೂಮಿಗೇ ಹೋಗಬೇಕು. ಅಲ್ಲಿ ಆರ್‌ಸಿ, ಆಧಾರು, ಪೊಲೀಸ್ ವರದಿ ಕೊಟ್ಟು, ಚಾವಿ ಊರಿಂದ ಊರಿಗೆ ಬರುವ ತನಕ ಕಾಯಬೇಕು. ಗಾಡಿಯನ್ನು ಟೋ ಮಾಡಿಸಿ ತರಬೇಕು. ಕೆಲವರಿಗೆ ಲಾಕ್‌ಸೆಟ್ಟನ್ನೇ ಬದಲಿಸಿರಿ ಅಂದದ್ದೂ ಉಂಟು. ಚಾವಿಯ ಲೋಹಕ್ಕೆ ಬೆಲೆ ಇಲ್ಲ, ಪ್ಲಾಸ್ಟಿಕ್ಕಿಗೂ ಇಲ್ಲ. ಗಾಡಿಯ ಕಂಪ್ಯೂಟರಿನೊಳಗೆ ಹೋಗಲು ಬೇಕಾದ ಯಂತ್ರ ಮತ್ತು ಪಿನ್ ಕೋಡು ಯಾರ ಕೈಯಲ್ಲಿದೆಯೋ ಅವರು ಹೇಳಿದ್ದೇ ದರ.

ಇದು ಹುಮನಾಬಾದಿನ ಗೋಳು ಮಾತ್ರ ಆಗಿರಲಿಲ್ಲ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕಿ ದಂಡ ಹಾಕಿತು. ಬಿಡಿಭಾಗಗಳನ್ನೂ, ಗಾಡಿಯ ದೋಷ ಓದುವ ಯಂತ್ರಗಳನ್ನೂ ಹೊರಗಿನ ಮೆಕ್ಯಾನಿಕ್ಕುಗಳಿಗೆ ಸಿಗದಂತೆ ಕಟ್ಟಿಹಾಕಿದ್ದಾರೆ ಅನ್ನುವುದೇ ದೂರು. ಮೇಲ್ಮನವಿಗಳಾದವು, ದಂಡದ ಲೆಕ್ಕ ಬೇರೆಯಾಯಿತು. ರಿಪೇರಿ ಹಕ್ಕಿನ ಮಾತು ಸರಕಾರದ ಮಟ್ಟದಲ್ಲಿ ಎದ್ದು, ಅದಕ್ಕೊಂದು ಪೋರ್ಟಲ್ ಬಂದದ್ದು 2022ರಲ್ಲಿ. ಆದರೆ ನಮ್ಮ ಊರಿಗೆ ಅಗ್ಗದ ಚಾವಿ ಬಂದದ್ದು ಆಯೋಗದ ದಾರಿಯಿಂದ ಅಲ್ಲ, ಚೀನಾದ ಯಂತ್ರದ ದಾರಿಯಿಂದ.

ಅದಕ್ಕೂ ಒಂದು ಹಿನ್ನೆಲೆ ಇದೆ. ಬಹಳಷ್ಟು ಕಾರುಗಳಲ್ಲಿದ್ದ ಹಿಟ್ಯಾಗ್-2 ಎಂಬ ಚಿಪ್ಪಿನ ಗೂಢಲಿಪಿ ಎಷ್ಟು ಸಡಿಲ ಎನ್ನುವುದನ್ನು 2012ರಲ್ಲಿ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನ ಸಂಶೋಧಕರು ಆರು ನಿಮಿಷದೊಳಗೆ ತೋರಿಸಿಕೊಟ್ಟರು. ಮುಂದಿನ ವರ್ಷ ಮೆಗಾಮೋಸ್ ಎಂಬ ಇನ್ನೊಂದು ಚಿಪ್ಪಿನ ಬಗ್ಗೆ ಬರೆದ ಪ್ರಬಂಧವನ್ನು ಕಾರು ಕಂಪನಿಯೊಂದು ಇಂಗ್ಲೆಂಡಿನ ಕೋರ್ಟಿಗೆ ಹೋಗಿ ತಡೆಹಿಡಿಸಿತು. ಅದು ಹೊರಬರಲು 2015 ಆಯಿತು. ಇತ್ತ ಒಂದು ಚಿಪ್ಪಿನ ಗುರುತನ್ನು ಓದಿ ಇನ್ನೊಂದಕ್ಕೆ ಬರೆಯುವ ಅಂಗೈಯಗಲದ ಯಂತ್ರಗಳು ಹೈದರಾಬಾದಿನಲ್ಲಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾಣಿಸಿಕೊಂಡವು. ಬೀಗ ಒಡೆಯುವ ವಿದ್ಯೆಯೂ ಚಾವಿ ಮಾಡುವ ವಿದ್ಯೆಯೂ ಒಂದೇ ಮನೆಯವು, ಅದರಲ್ಲಿ ಮುಚ್ಚುಮರೆ ಏನಿಲ್ಲ. ಉಸ್ತಾದರ ಮಗ ಹೈದರಾಬಾದಿನಲ್ಲಿ ಕೆಲಸ ಕಲಿತು ಬಂದು ಅಪ್ಪನ ಪೆಟ್ಟಿಗೆಯ ಹಿಂದೆ ಒಂದು ಮಳಿಗೆ ಹಿಡಿದ.

ಅವನು ಯಂತ್ರ ಕೊಳ್ಳುವ ಮೊದಲು ಒಂದು ಜುಗಾಡ್ ಕಾಲವೂ ಇತ್ತು, ಅದನ್ನು ಹೇಳಲೇಬೇಕು. ಎರಡನೇ ಚಾವಿಯ ಚಿಪ್ಪನ್ನು ಕಿತ್ತು ಸ್ಟೇರಿಂಗ್ ಕವರಿನೊಳಗೆ ತಾಮ್ರದ ಸುರುಳಿಯ ಪಕ್ಕ ಟೇಪ್ ಸುತ್ತಿ ಬಿಟ್ಟರೆ ಮುಗಿಯಿತು, ಆಮೇಲೆ ಹದಿನೈದು ರೂಪಾಯಿಯ ಹಿತ್ತಾಳೆ ಚಾವಿಗೂ ಗಾಡಿ ಏಳುತ್ತದೆ. ಅಗ್ಗ ಅಂದರೆ ಅಗ್ಗ. ಕಾವಲುಗಾರನಿಗೆ ನಿದ್ದೆ ಗುಳಿಗೆ ಕೊಟ್ಟ ಹಾಗೆ. ನಮ್ಮ ತಾಲ್ಲೂಕಿನಲ್ಲಿ ಈಗಲೂ ಹೀಗೆ ಓಡುತ್ತಿರುವ ಗಾಡಿಗಳಿವೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಚಾವಿಯ ತಲೆಯನ್ನು ಫಾಯಿಲ್ ಪೇಪರಿನಲ್ಲಿ ದಪ್ಪಗೆ ಸುತ್ತಿ ಗಾಡಿ ಚಾಲೂ ಮಾಡಿ ನೋಡಬಹುದು. ಆಗಲೂ ಎಂಜಿನ್ ಓಡುತ್ತಿದ್ದರೆ ಕವರಿನೊಳಗೆ ಏನೋ ಇದೆ ಎಂದು ಸಂಶಯಪಡಬೇಕು.

ಮೊನ್ನೆ ತೊಗರಿ ರಾಶಿಯ ಹೊತ್ತಿಗೆ ಕೊಡಂಬಲದ ನಮ್ಮ ಮಾಸ್ತರರೊಬ್ಬರ ಸ್ವಿಫ್ಟಿನ ಚಾವಿ ಹೊಲದಲ್ಲಿ ಕಳೆಯಿತು. ಹೊಟ್ಟು ಜಾಲಾಡಿದರೂ ಸಿಗಲಿಲ್ಲ. ಗಾಡಿ ಸೆಕೆಂಡ್ ಹ್ಯಾಂಡ್ ಕೊಂಡದ್ದು, ಬಂದದ್ದೇ ಒಂದು ಚಾವಿಯೊಂದಿಗೆ. ಷೋರೂಮಿನಲ್ಲಿ ಕೇಳಿದರೆ ಟೋ ಖರ್ಚು ಬಿಟ್ಟು 12 ಸಾವಿರ ಅಂದರು. ನಾನು ಉಸ್ತಾದರ ಮಗನಿಗೆ ಫೋನ್ ಹಚ್ಚಿದೆ. ಬೈಕ್ ಮೇಲೆ ಚೀಲ ಹೇರಿಕೊಂಡು ಹೊಲಕ್ಕೇ ಬಂದ.

“ಸರ್, ಆರ್‌ಸಿ ತೋರಸ್ರಿ. ಆಧಾರ್ ಬಿ.”

“ಅಲ್ಲೋ, ನಿನಗ ನಾನು ಗೊತ್ತಿಲ್ಲೇನು? ನಿಮ್ಮಪ್ಪ ನಮ್ಮ ತಿಜೋರಿ ಚಾವಿ ಮಾಡಿಕೊಟ್ಟಾನ.”

“ನೀವು ಗೊತ್ತಿದ್ದೀರಿ ಸರ್. ಗಾಡಿ ಗೊತ್ತಿಲ್ಲ.”

ಎರಡನ್ನೂ ಫೋಟೋ ಹೊಡೆದುಕೊಂಡು, ಚಾವಿ ಕಳೆದ ಬಗ್ಗೆ ಪೊಲೀಸರ ಇ-ಲಾಸ್ಟ್ ವರದಿಯನ್ನು ಫೋನಿನಲ್ಲೇ ಹಾಕಿಸಿದ. ವಿಮೆಯವರು ಮುಂದೆ ಎಂದಾದರೂ ಕಳ್ಳತನದ ಕ್ಲೇಮಿಗೆ ಎಲ್ಲಾ ಚಾವಿ ಕೇಳುತ್ತಾರೆ, ಆಗ ಈ ಕಾಗದ ಬೇಕಾಗುತ್ತದೆ ಎಂದ. ಆಮೇಲೆ ಬಾಗಿಲ ಕೀಲಿಗೆ ಗೀಟು ಹಾಕಿದ ಒಂದು ಪತ್ತಿ ತೂರಿಸಿ, ಅದರ ಮುಳ್ಳಿನಿಂದ ಒಳಗಿನ ಎಲೆಗಳನ್ನು ಒಂದೊಂದಾಗಿ ಎತ್ತಿ ಅಂಕಿ ಓದುತ್ತ ಹೋದ. ಅಪ್ಪ ಮಸಿಯಲ್ಲಿ ಓದುತ್ತಿದ್ದದ್ದನ್ನೇ ಮಗ ಗೀಟಿನಲ್ಲಿ ಓದುತ್ತಿದ್ದ. ಬಾಗಿಲು ತೆರೆಯಿತು. ಬ್ಯಾಟರಿಯಿಂದ ನಡೆಯುವ ಕಟಿಂಗ್ ಮಷಿನ್ನಿಗೆ ಅಂಕಿ ಕೊಟ್ಟ, ಚಾವಿಯ ಹಲ್ಲು ಸಿದ್ಧ. ಮಾಸ್ತರರ ಟ್ರ್ಯಾಕ್ಟರಿನ ಬ್ಯಾಟರಿಯಿಂದ ಕಾರಿನ ಬ್ಯಾಟರಿಗೆ ಜಂಪರ್ ಹಚ್ಚಿಸಿದ. ಕೋಡು ಬರೆಯುವಾಗ ಕರೆಂಟು ಇಳಿದರೆ ಗಾಡಿಯ ಕಂಪ್ಯೂಟರ್ ಡಬ್ಬಿ ಅರ್ಧಕ್ಕೇ ನಿಂತು ಕೆಡಬಹುದಂತೆ. ಸ್ಟೇರಿಂಗ್ ಕೆಳಗೆ, ಗಾಡಿಯ ಕಂಪ್ಯೂಟರಿಗೆ ದಾರಿಯಾದ ಓಬಿಡಿ ಸಾಕೆಟ್ಟಿಗೆ ವೈರು ಸಿಕ್ಕಿಸಿ, ಪಿನ್ ಓದಿಸಿ, ಹೊಸ ಚಿಪ್ಪಿನ ಗುರುತು ಬರೆಸಿದ. ಚಾವಿ ಚಿತ್ರದ ದೀಪ ಆರಿತು. ಎಂಜಿನ್ ಎದ್ದಿತು.

ನಾನು ಗಮನಿಸಿದ್ದು ಆಮೇಲೆ ಅವನು ಮಾಡಿದ ಕೆಲಸ. ಹೊಟ್ಟಿನಲ್ಲಿ ಬಿದ್ದಿರುವ ಹಳೇ ಚಾವಿಯನ್ನು ಗಾಡಿಯ ನೆನಪಿನಿಂದ ಅಳಿಸಿದ. ಬಹಳ ಜನ ಇದನ್ನು ಕೇಳುವುದೇ ಇಲ್ಲ, ಕೆಲಸಗಾರರೂ ತಾವಾಗಿ ಹೇಳುವುದಿಲ್ಲ. ಅಳಿಸಿದಮೇಲೆ ಕಳೆದ ಚಾವಿ ಸಿಕ್ಕವನು ಬಾಗಿಲು ತೆರೆಯಬಹುದು, ಗಾಡಿ ಒಯ್ಯಲಾರ. ಮನೆಯಲ್ಲಿ ಬೇರೆ ಚಾವಿ ಇದ್ದರೆ ಅದನ್ನೂ ಆ ಹೊತ್ತಿಗೆ ಕೈಯಲ್ಲಿಟ್ಟುಕೊಂಡಿರಬೇಕು, ಇಲ್ಲದಿದ್ದರೆ ಅದೂ ಅಳಿಸಿಹೋಗುತ್ತದೆ.

ಎಲ್ಲಾ ಸೇರಿ ನಾಲ್ಕೂವರೆ ಸಾವಿರ ಕೇಳಿದ. ಮಾಸ್ತರರು ಮುಖ ಗಂಟಿಕ್ಕಿದರು.

“ಒಂದು ಚಾವಿ ಕೈಯಾಗ ಇದ್ದಾಗ ಬಂದಿದ್ರ ಹದಿನೈದುನೂರಕ್ಕ ಮಾಡಿಕೊಡ್ತಿದ್ದೆ ಸರ್. ಈಗ ಒಂದ ಎಕ್ಸ್‌ಟ್ರಾ ಮಾಡಿಸಿ ಇಡ್ರಿ. ಗುಂಡಿ ಇಲ್ಲದ ಸಾದಾ ಚಿಪ್ ಚಾವಿ ಸಾಕು, ಸಾವಿರ ರೂಪಾಯಿ.”

ನನ್ನ ಅನುಭವಕ್ಕೆ ಇದಕ್ಕಿಂತ ಒಳ್ಳೆಯ ಉಳಿತಾಯದ ಸಲಹೆ ಇಲ್ಲ. ಎಲ್ಲಾ ಚಾವಿ ಕಳೆದ ಗಾಡಿಗೆ ಕೆಲವೊಮ್ಮೆ ಡ್ಯಾಶ್‌ಬೋರ್ಡ್ ಬಿಚ್ಚಿ ಇಮ್ಮೊಬಿಲೈಸರ್ ಡಬ್ಬಿಯ ಮೆಮೊರಿ ಚಿಪ್ಪಿಗೆ ಕ್ಲಿಪ್ ಹಾಕಿ ಓದಬೇಕಾಗುತ್ತದೆ. ದರ ಏರುವುದು ಅಲ್ಲಿ. ಚಾವಿಯ ಪ್ಲಾಸ್ಟಿಕ್ ಡಬ್ಬಿ ಒಡೆದಿದ್ದರೆ ಒಳಗಿನ ಬೋರ್ಡನ್ನೂ ಚಿಪ್ಪನ್ನೂ ಹೊಸ ಖಾಲಿ ಡಬ್ಬಿಗೆ ಹಾಕಿಸಿದರೆ ಸಾಕು, ಪ್ರೋಗ್ರಾಮಿಂಗ್ ಬೇಕಿಲ್ಲ. ಗುಜರಿಯಲ್ಲಿ ಸಿಕ್ಕ ಹಳೇ ಫೋಬು ಮಾತ್ರ ಅಗ್ಗವೆಂದು ತರಬಾರದು. ಒಂದು ಗಾಡಿಗೆ ಬರೆದ ಎಷ್ಟೋ ಚಿಪ್ಪುಗಳು ಇನ್ನೊಂದಕ್ಕೆ ಒಗ್ಗುವುದಿಲ್ಲ.

ಉಸ್ತಾದರಿಗೆ ಈಗ ಕಣ್ಣು ಮಂಜು. ಮಳಿಗೆಯ ಮುಂದೆ ಅದೇ ಪೆಟ್ಟಿಗೆ ಇಟ್ಟುಕೊಂಡು ಅಲ್ಮಾರಿ, ಟ್ರಂಕುಗಳ ಚಾವಿ ಉಜ್ಜುತ್ತಾರೆ. ಮಗನ ಯಂತ್ರಕ್ಕೆ ವರ್ಷ ವರ್ಷ ದುಡ್ಡು ಕಟ್ಟಿ ಅಪ್‌ಡೇಟ್ ಮಾಡಿಸಬೇಕು ಅನ್ನುವುದು ಅವರಿಗೆ ಇನ್ನೂ ಅರಗಿಲ್ಲ. “ಕಾನಸಕ್ಕ ಯಾರರ ಬಾಡಿಗೆ ಕಟ್ತಾರೇನು?” ಎಂದು ಕೇಳುತ್ತಾರೆ. ಹೊಸ ಗಾಡಿಗಳಲ್ಲಿ ಕೆಲವು ಕಂಪನಿಯ ಸರ್ವರಿಗೆ ಲಾಗಿನ್ ಆಗದೆ ಚಾವಿಯನ್ನೇ ಸೇರಿಸಿಕೊಳ್ಳುವುದಿಲ್ಲ. ಅಂಥದ್ದು ಬಂದರೆ ಮಗ ಬಾನೆಟ್ಟನ್ನೂ ಮುಟ್ಟದೆ, ಇದು ನನ್ನ ಕಡೆ ಆಗಂಗಿಲ್ಲ, ಕಂಪನಿಗೇ ಒಯ್ರಿ ಎಂದು ಕಳಿಸುತ್ತಾನೆ. ನೋಡಿದ್ದಕ್ಕೆ ಅಂತ ದುಡ್ಡು ತೆಗೆದುಕೊಳ್ಳುವುದಿಲ್ಲ.